ತಲೆಕೆಳಗಾದ ಕಲ್ಲಂಗಡಿ

ಶನಿವಾರ ಸಂಜೆ ಕಂಪ್ಯೂಟರ್ ಪರದೆಯ ಮೇಲೆ ಮೂಡಿದ ಕೆಂಪು ಚುಕ್ಕೆಯೊಂದನ್ನು ಕಂಡೂ ಕಾಣದವನಂತೆ ಬಿಟ್ಟು ಚಹಾ ಕುಡಿಯಲು ಹೋದದ್ದೇ ಸ್ಕೇಲಪ್ಪ ಮಾಡಿದ ತಪ್ಪು.

ಸ್ಕೇಲಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಪತ್ರಿಕೆಯಲ್ಲಿ ಪುಟ ಕಟ್ಟುವುದು ಅವನ ಕೆಲಸ. ಜೇಬಿನಲ್ಲಿ ಸದಾ ಒಂದು ಉಕ್ಕಿನ ಸ್ಕೇಲು. ಆಳೂ ಹೆಚ್ಚುಕಡಿಮೆ ಅದೇ ಜಾತಿ: ಉದ್ದ, ಚಪ್ಪಟೆ, ಅಂಚುಗಳಲ್ಲಿ ತುಸು ಸವೆದಿದ್ದ. ಪುಟ ಕಟ್ಟುವವನಿಗೆ ಓದುವ ಚಟ ಇರಬಾರದು, ಅಳೆಯುವ ಚಟ ಇರಬೇಕು ಎಂಬುದು ಅವನ ಸಿದ್ಧಾಂತ. ಯುದ್ಧವೆಂದರೆ ಅವನಿಗೆ ಹದಿನೆಂಟು ಸೆಂಟಿಮೀಟರು, ಮಂತ್ರಿಯ ಭಾಷಣವೆಂದರೆ ಹನ್ನೆರಡು. ಬರಹ ತನ್ನ ಚೌಕಟ್ಟಿನಲ್ಲಿ ಹಿಡಿಸದೆ ಹೋದರೆ ಮೂಲೆಯಲ್ಲಿ ಕೆಂಪು ಚುಕ್ಕೆ ಕಾಣಿಸುತ್ತದೆ: ಕೆಲವು ಸಾಲು ಹೊರಗೆ ಉಳಿದಿವೆ, ನೋಡಪ್ಪ ಎಂದು.

ಆ ಸಂಜೆ ಕೊನೆಯ ಗಳಿಗೆಯಲ್ಲಿ ಫ್ಯಾನಿನ ಜಾಹೀರಾತೊಂದು ಬಂದು ಭಾನುವಾರದ ಪುರವಣಿಯಲ್ಲಿ ಬೀಗರಂತೆ ಕಾಲು ಚಾಚಿ ಕೂತಿತು. ಪಕ್ಕದ ಅಂಕಣದ ಚೌಕಟ್ಟು ಕುಗ್ಗಿತು. ಚುಕ್ಕೆ ಮೂಡಿತು. ಚಹಾ ಕುಡಿದು ಬಂದು ನೋಡಿದರಾಯಿತು ಅಂದುಕೊಂಡ. ಬಂದಮೇಲೆ ಮರೆತ. ಪುಟ ಅಚ್ಚಿಗೆ ಹೋಯಿತು.

ಬೇರೆ ಯಾವ ಅಂಕಣವಾದರೂ ಚಿಂತೆ ಇರಲಿಲ್ಲ. ಅದು ‘ಒಲೆ ಹಚ್ಚದ ಅಡುಗೆ’. ಬೇಸಿಗೆ ಬಂತೆಂದರೆ ವಾರಕ್ಕೊಂದರಂತೆ ಬರುವ ಈ ಆಟದ ಅಡುಗೆಗಳನ್ನು ಬರೆಯುವವರು ಸಂಪಾದಕರ ತಾಯಿ. ಮೂವತ್ತು ವರ್ಷ ಹೆಡ್‌ಮಿಸ್ಸಾಗಿದ್ದವರು. ಕಚೇರಿಯಲ್ಲಿ ಎಲ್ಲರಿಗೂ ‘ದೊಡ್ಡಮ್ಮ’. ಸೌತೆಕಾಯಿ ದೋಣಿಗೆ ಈರುಳ್ಳಿಯ ಹಾಯಿ ಕಟ್ಟುವುದು, ದ್ರಾಕ್ಷಿಯನ್ನು ಫ್ರಿಜ್ಜಿನಲ್ಲಿ ಗೋಲಿಯಂತೆ ಗಟ್ಟಿಯಾಗಿಸಿ ಮಕ್ಕಳ ಬಾಯಿ ಮುಚ್ಚಿಸುವುದು, ಎಲ್ಲ ಅವರ ಕೈಚಳಕ. ಅವರ ಬರಹದಲ್ಲಿ ಒಂದಕ್ಷರ ಕತ್ತರಿಸುವಂತಿರಲಿಲ್ಲ. ಹಿಂದೊಮ್ಮೆ ಒಬ್ಬ, ಜಾಗ ಸಾಲದೆ ‘ರುಚಿಗೆ ತಕ್ಕಷ್ಟು ಉಪ್ಪು’ ಎಂಬ ಮೂರು ಪದ ತೆಗೆದಿದ್ದ. ಅವನನ್ನು ಪತ್ರಿಕೆಯ ಕಟ್ಟು ಕಟ್ಟುವ ಗೋದಾಮಿಗೆ ಹಾಕಿದರು. ತಗಡಿನ ಚಾವಣಿ, ಕಿಟಕಿ ಇಲ್ಲ. ಇದು ಅವನ ಮೂರನೇ ಬೇಸಿಗೆ; ಈಚೆಗೆ ಅವನ ಹೆಂಡತಿಗೇ ಅವನ ಗುರುತು ಸಿಗುವುದು ಕಷ್ಟವಾಗಿದೆಯಂತೆ. ಸ್ಕೇಲಪ್ಪನ ಕುರ್ಚಿಯಾದರೋ ಇಡೀ ಕಚೇರಿಯ ಒಂದೇ ಒಂದು ಏಸಿಯ ಬಾಯಿಗೆ ನೇರವಾಗಿತ್ತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಯಾರೋ ಬಾಗಿಲನ್ನು ಕಾಲಿನಿಂದ ಒದ್ದರು. ತೆರೆದರೆ ಮೇಲಿನ ಮನೆಯ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಎರಡೂ ಕೈಯಲ್ಲಿ ದೊಡ್ಡದೊಂದು ಕಲ್ಲಂಗಡಿ. ಮುಖ ಆ ಹಣ್ಣಿನ ಒಳಭಾಗದಂತೆ ಕೆಂಪಾಗಿತ್ತು.

“ಒದ್ದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಬೆಲ್ ಒತ್ತೋಕೆ ಕೈ ಖಾಲಿ ಇಲ್ಲ. ಮುಂದೇನು ಮಾಡ್ಬೇಕು, ಬೇಗ ಹೇಳಿ.”

“ಯಾವುದಕ್ಕೆ ಮುಂದೆ?”

“ನಿಮ್ಮ ಪೇಪರ್ ಹೇಳಿದ್ದೆಲ್ಲ ಮಾಡಿದೀನಿ. ಮುಚ್ಚಳದ ಹಾಗೆ ಕೊಯ್ದೆ, ತಿರುಳು ತೆಗೆದೆ, ಬೀಜ ಆರಿಸ್ದೆ. ಪುದಿನ, ನಿಂಬೆರಸ, ಮೆಣಸಿನಪುಡಿ ಬೆರೆಸಿ ವಾಪಸ್ ತುಂಬ್ದೆ. ಮುಚ್ಚಳಕ್ಕೆ ಹಲ್ಲುಕಡ್ಡಿ ಚುಚ್ಚಿ ಕೂರಿಸ್ದೆ. ಐಸ್ ನೀರಲ್ಲಿ ಅರ್ಧ ಗಂಟೆ ಇಟ್ಟೆ. ಆಮೇಲೆ ನೋಡಿದ್ರೆ, ‘ಈಗ ಹಣ್ಣನ್ನು ಎರಡೂ ಕೈಯಿಂದ ಎತ್ತಿ ತಲೆಕೆಳಗಾಗಿ ಹಿಡಿದು’ ಅಂತಿದೆ. ಅದರ ಕೆಳಗೆ ಫ್ಯಾನ್ ಇದೆ! ಕಾಲು ಗಂಟೆಯಿಂದ ಹಿಡ್ಕೊಂಡು ನಿಂತಿದೀನಿ ಮಾರಾಯ್ರೇ.”

ಕೆಂಪು ಚುಕ್ಕೆ ಸ್ಕೇಲಪ್ಪನ ಕಣ್ಣೆದುರು ಬೆಳೆಯುತ್ತ ಬೆಳೆಯುತ್ತ ತಗಡಿನ ಚಾವಣಿಯ ಮೇಲಿನ ಸೂರ್ಯನಾಯಿತು.

“ಬರೆಯೋ ಅಮ್ಮನ ಹತ್ರಾನೇ ಕೇಳೋಣ ಅಂದ್ರೆ ಪ್ರತಿ ವಾರ ಅಂಕಣದ ಕೆಳಗಡೆ ಇರೋ ಅವರ ನಂಬರೂ ಇವತ್ತಿಲ್ಲ” ಎಂದರು ಮೇಷ್ಟ್ರು. “ಸಂಪಾದಕರಿಗೇ ಫೋನ್ ಮಾಡ್ಲಾ?”

“ಅಯ್ಯೋ, ಬೇಡ ಬೇಡ!” ಸ್ಕೇಲಪ್ಪ ಹೊಸ್ತಿಲು ದಾಟಿಯೇ ಬಂದ. “ನನಗೆ ಗೊತ್ತಲ್ಲ! ಪುಟ ಕಟ್ಟಿದವನು ನಾನೇ ಅಲ್ವೇ? ಹಿಡಿದು... ಎಡಕ್ಕೆ ಮೂರು ಸಲ, ಬಲಕ್ಕೆ ಮೂರು ಸಲ ತಿರುಗಿಸ್ಬೇಕು. ಸ್ಟೀರಿಂಗ್ ತಿರುಗಿಸೋ ಹಾಗೆ.”

ಮೇಷ್ಟ್ರ ಮುಖ ಅರಳಿತು. “ಹಾಗ್ ಹೇಳಿ ಮತ್ತೆ! ಇದು ನನಗೆ ಬರುತ್ತೆ.”

ಬಾಗಿಲು ಹಾಕಿ ಸ್ಕೇಲಪ್ಪ ಕಚೇರಿಗೆ ಫೋನ್ ಮಾಡಿದ. ಭಾನುವಾರ ಅಲ್ಲಿರುವುದು ಆಪರೇಟರ್ ಒಬ್ಬಳೇ. ಕಂಪ್ಯೂಟರ್ ಕೋಣೆಗೆ ಬೀಗ, ಬೀಗದ ಕೈ ಸಂಪಾದಕರ ಜೇಬಿನಲ್ಲಿ. ದೊಡ್ಡಮ್ಮನ ಕೈಬರಹದ ಹಾಳೆ ಶನಿವಾರವೇ ಅವರ ಮನೆಗೆ ಮರಳಿತ್ತು.

“ಸರ್, ನೀವೇ ಮಾಡಿದ್ದು ಒಳ್ಳೇದಾಯ್ತು” ಎಂದಳು ಆಪರೇಟರ್. “ಹನ್ನೊಂದು ಜನ ಲೈನಲ್ಲಿದ್ದಾರೆ. ಎಲ್ಲರೂ ಹಿಡ್ಕೊಂಡಿದಾರಂತೆ. ಸಂಪಾದಕರಿಗೆ ಕೊಡ್ಲಾ, ನಿಮಗೆ ಕೊಡ್ಲಾ?”

“ನನಗೇ ಕೊಡಮ್ಮಾ! ಒಬ್ಬರನ್ನೂ ಬಿಡದೆ ನನಗೇ ಕೊಡು.”

ಅಲ್ಲಿಂದ ಸ್ಕೇಲಪ್ಪನ ಬಾಯಿಗೆ ಬಿಡುವಿರಲಿಲ್ಲ. ಓದದ ಅಡುಗೆಗೆ ಮುಕ್ತಾಯ ಹೇಳುವುದು ಹೇಗೆ? ಅವನು ಒಂದು ದಾರಿ ಕಂಡುಕೊಂಡ: ಕರೆ ಮಾಡಿದವರ ಕಸುಬು ಕೇಳುವುದು, ಅದಕ್ಕೆ ಒಗ್ಗುವ ಮುಕ್ತಾಯ ಕೊಡುವುದು. ದರ್ಜಿಗೆ, ಮುಚ್ಚಳದ ಸುತ್ತ ನಾಲ್ಕು ಹೊಲಿಗೆ ಹಾಕಲು ಹೇಳಿದ. ಕ್ಷೌರಿಕನಿಗೆ, ಕೆಳಗಿನಿಂದ ಮೇಲಕ್ಕೆ ಹಸಿರು ಸಿಪ್ಪೆ ನುಣ್ಣಗೆ ಹೆರೆಯಲು. ನಿವೃತ್ತ ಸುಬೇದಾರರೊಬ್ಬರಿಗೆ ಏನೂ ತೋಚದೆ, ಅಲುಗಾಡದೆ ಹಾಗೆಯೇ ನಿಲ್ಲಿ ಎಂದ. ಅವರು ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟರು. ಒಬ್ಬೊಬ್ಬರು “ಓಹೋ, ಹಾಗಾ!” ಎಂದು ಫೋನಿಟ್ಟಾಗಲೂ ಅವನು ನೀರಿನಿಂದ ತಲೆ ಎತ್ತಿದವನಂತೆ ಉಸಿರು ಬಿಡುತ್ತಿದ್ದ.

ಹೆಂಡತಿ ಕುರ್ಚಿಯಲ್ಲಿ ಕೂತು ಪುರವಣಿಯಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದಳು. “ಹದಿನಾರು ವರ್ಷದಲ್ಲಿ ನೀವು ಅಡುಗೆ ವಿಷ್ಯ ಇಷ್ಟು ಮಾತಾಡಿದ್ದು ಇವತ್ತೇ” ಎಂದಳು. “ಒಂದು ಲೋಟ ನೀರು ತಗೊಂಡು ಕುಡೀರಿ. ಫ್ರಿಜ್ ಎಲ್ಲಿದೆ ಗೊತ್ತಲ್ಲ?”

ಅಷ್ಟರಲ್ಲಿ ಎದುರು ಮನೆಯ ನರ್ಸಮ್ಮ ಬಂದಳು. ಅವಳ ತೋಳಿನಲ್ಲೂ ತಲೆಕೆಳಗಾದ ಕಲ್ಲಂಗಡಿ. ಬಿಳಿ ಟವೆಲ್ಲಿನಲ್ಲಿ ಸುತ್ತಿ, ಹುಟ್ಟಿದ ಹತ್ತು ನಿಮಿಷದ ಕೂಸಿನ ಹಾಗೆ ಹಿಡಿದಿದ್ದಳು.

“ಅಣ್ಣಾ, ಹಿಡಿದು ಅಂದ್ರೆ ಹಿಡಿದು ಏನು?”

“ಬೆನ್ನು ತಟ್ಟಮ್ಮ. ಮೆಲ್ಲಗೆ. ಒಳಗಿನ ಗಾಳಿ ಹೊರಗೆ ಬರ್ಬೇಕು.”

“ಕಲ್ಲಂಗಡಿ ತೇಗುತ್ತಾ?”

“ಕಿವಿ ಇಟ್ಟು ಕೇಳು.”

ಅವಳು ಕಿವಿ ಇಟ್ಟುಕೊಂಡೇ ಹೊರಟಳು. ಆದರೆ ಮೆಟ್ಟಿಲ ತಿರುವಿನಲ್ಲಿ ಮೇಷ್ಟ್ರು ಸಿಕ್ಕರು. ಮನೆಯೊಳಗೆ ಜಾಗ ಸಾಲದೆ ಅವರು ಅಲ್ಲಿಗೇ ಬಂದು ತಿರುಗಿಸುತ್ತಿದ್ದರು.

“ಇದೇನ್ರೀ, ತಿರುಗಿಸ್ತಿದೀರಾ? ತಟ್ಟಬೇಕಂತೆ.”

“ಯಾರು ಹೇಳಿದ್ದು? ನನಗೆ ಖುದ್ದು ಸ್ಕೇಲಪ್ನೋರೇ ತಿರುಗಿಸೋಕೆ ಹೇಳಿದ್ರು.”

“ನನಗೂ ಅಣ್ಣನೇ ಹೇಳಿದ್ದು. ಹೀಗೆ ತಿರುಗಿಸಿದ್ರೆ ಅದಕ್ಕೆ ತಲೆ ಸುತ್ತುತ್ತೆ!”

“ನೀವು ಸ್ವಲ್ಪ ಸೈಡಿಗೆ ಬನ್ನಿ ನೋಡೋಣ, ಬಲಕ್ಕೆ ಇನ್ನೂ ಎರಡು ಬಾಕಿ ಇದೆ.”

ಗಲಾಟೆ ಕೇಳಿ ಸ್ಕೇಲಪ್ಪ ಹೊರಗೆ ಓಡಿ ಬರುವುದಕ್ಕೂ, ಮೇಷ್ಟ್ರು ಕೊನೆಯ ತಿರುವನ್ನು ತುಸು ಜೋರಾಗಿಯೇ ತೆಗೆಯುವುದಕ್ಕೂ ಸರಿಹೋಯಿತು. ಹಲ್ಲುಕಡ್ಡಿಗಳು ಪಟಪಟ ಮುರಿದವು. ಮುಚ್ಚಳ ಕಳಚಿತು. ಮೂರು ಸೇರು ಕೆಂಪು ರಸ ಮೆಟ್ಟಿಲ ಕಂಬಿಯಾಚೆ ಹಾರಿ, ಕೆಳಗಿನಿಂದ ಹತ್ತಿ ಬರುತ್ತಿದ್ದ ಮನೆ ಮಾಲೀಕರ ಬೋಳುತಲೆಯ ಮೇಲೆ ಒಂದು ಹನಿಯೂ ವ್ಯರ್ಥವಾಗದಂತೆ ಬಿತ್ತು.

ಮಾಲೀಕರು ಬಿಳಿ ಬಟ್ಟೆ ತೊಟ್ಟಿದ್ದರು. ಅವರು ತಲೆ ಮುಟ್ಟಿ ನೋಡಿಕೊಂಡರು, ಕೈ ನೋಡಿದರು, ಮೆಟ್ಟಿಲ ಮೇಲೆ ಮೆಲ್ಲಗೆ ಕೂತರು. “ನನ್ನ ಕತೆ ಮುಗೀತು” ಎಂದರು.

ನರ್ಸಮ್ಮ ತನ್ನ ಹಣ್ಣನ್ನು ಸ್ಕೇಲಪ್ಪನ ತೋಳಿಗೆ ತುರುಕಿ ಕೆಳಗೆ ಜಿಗಿದಳು. “ಕಣ್ಣು ಮುಚ್ಬೇಡಿ! ಇದು ಎಷ್ಟು ಬೆರಳು?”

“ಮೂರು. ಅದರ ಮೇಲೆ ಪುದಿನ ಇದೆ.” ಮಾಲೀಕರು ಮೂಗಿನಿಂದ ಇಳಿದ ಹನಿಯನ್ನು ನಾಲಿಗೆಯಿಂದ ಹಿಡಿದರು. “ನಿಂಬೆರಸ ಒಂಚೂರು ಜಾಸ್ತಿ. ತಣ್ಣಗಿದೆ ಮಾತ್ರ, ಭೇಷ್! ಅಲ್ರೀ ಸ್ಕೇಲಪ್ಪ, ನಮ್ಮನೆಯವಳು ಬೆಳಿಗ್ಗೆಯಿಂದ ಒಂದನ್ನ ತಲೆಕೆಳಗು ಹಿಡ್ಕೊಂಡು ಕೂತಿದಾಳೆ. ತಿಂಡೀನೂ ಇಲ್ಲ. ಮುಂದೇನು ಅಂತ ಕೇಳ್ಕೊಂಡು ಹೋಗೋಣ ಅಂತ ಬಂದೆ.”

ಸ್ಕೇಲಪ್ಪನಿಗೆ ಜೀವ ಬಂದಂತಾಯಿತು. ಮೆಟ್ಟಿಲು ತೊಳೆದ. ಮಧ್ಯಾಹ್ನದ ಹೊತ್ತಿಗೆ ಕರೆಗಳೂ ನಿಂತವು. ಗಂಡಾಂತರ ಕಳೆಯಿತು ಅಂದುಕೊಂಡು ಕಾಲು ಚಾಚಿದ. ಆಗ ಮತ್ತೆ ಫೋನು. ಈ ಸಲ ಸಂಪಾದಕರು.

“ನೀವೇನ್ರೀ, ಮನೇಲಿ ಕೂತು ಅಮ್ಮನ ಅಡುಗೆಗೆ ಮುಕ್ತಾಯ ಹಂಚ್ತಿದೀರಂತೆ? ನನ್ನ ದರ್ಜಿ ಹೇಳ್ದ. ಅಮ್ಮ ನಿಮ್ಮನ್ನ ಈಗಲೇ ನೋಡ್ಬೇಕಂತೆ. ಯಾಕೆ ಅಂತ ನನಗೂ ಹೇಳ್ತಿಲ್ಲ.”

ಹೆಂಡತಿ ಒಂದು ಟೋಪಿ ತಂದುಕೊಟ್ಟಳು. “ಹಾಕ್ಕೊಂಡು ಹೋಗಿ. ಗೋದಾಮಿಗೂ ಆಗುತ್ತೆ.”

ದಾರಿಯುದ್ದಕ್ಕೂ ಸ್ಕೇಲಪ್ಪ ಸುಳ್ಳುಗಳನ್ನು ಜೋಡಿಸಿದ. ಕಂಪ್ಯೂಟರ್ ಕೆಟ್ಟಿತ್ತು, ಅಚ್ಚಿನಲ್ಲಿ ಸಾಲು ಅಳಿಸಿತು, ಫ್ಯಾನಿನವರ ಪಿತೂರಿ. ಒಂದೊಂದನ್ನೂ ಅಳೆದು ನೋಡಿದ, ಒಂದೂ ಚೌಕಟ್ಟಿಗೆ ಕೂರಲಿಲ್ಲ.

ದೊಡ್ಡಮ್ಮ ಊಟದ ಮೇಜಿನ ಮುಂದೆ ನೆಟ್ಟಗೆ ಕೂತಿದ್ದರು. ಎದುರಿಗೆ ಪುರವಣಿ, ಅದರ ಕೆಳಗೆ ಏನೋ ಹಾಳೆ. “ಬನ್ನಿ ಸ್ಕೇಲಪ್ಪ, ಕೂತ್ಕೊಳ್ಳಿ. ನಿಮ್ಮ ಹತ್ರ ಒಂದು ಮಾತು...”

ಆ ಹೆಡ್‌ಮಿಸ್ ದನಿ ಕೇಳಿದ್ದೇ ತಡ, ನಾಲ್ಕನೇ ಇಯತ್ತೆಯ ಹುಡುಗನಂತೆ ಸ್ಕೇಲಪ್ಪ ಎಲ್ಲವನ್ನೂ ಕಾರಿಕೊಂಡ. “ನಂದೇ ತಪ್ಪಮ್ಮ! ಕೆಂಪು ಚುಕ್ಕೆ ಕಂಡಿತ್ತು, ಆದ್ರೂ ಚಹಾ ಕುಡಿಯೋಕೆ ಹೋದೆ. ನಿಮ್ಮ ಅಡುಗೆಯ ಬಾಲ ಕತ್ತರಿಸಿ ಹೋಗಿದ್ದು ನನ್ನಿಂದಲೇ. ಬೆಳಿಗ್ಗೆಯಿಂದ ಹೇಳಿದ್ದೆಲ್ಲ ಸುಳ್ಳು.”

ಹೇಳಿ ಮುಗಿಸಿದ್ದೇ ಮೈಯೆಲ್ಲ ಹಗುರವಾಯಿತು. ಗೋದಾಮಾದರೆ ಗೋದಾಮು. ಇನ್ನು ಯಾವ ಸುಬೇದಾರನೂ ತನಗಾಗಿ ಅಲುಗಾಡದೆ ನಿಲ್ಲಬೇಕಾಗಿಲ್ಲ.

ದೊಡ್ಡಮ್ಮ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಏನನ್ನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. “ಇದನ್ನೇ ಇನ್ನೊಂದ್ಸಲ ಹೇಳ್ತೀರಾ?” ಎಂದು ಮಗನ ನಂಬರ್ ಒತ್ತಿ ಫೋನನ್ನು ಅವನ ಬಾಯಿಗೆ ಹಿಡಿದರು. ಸ್ಕೇಲಪ್ಪ ಇನ್ನೊಮ್ಮೆ ಹೇಳಿದ. ಆ ಕಡೆಯಿಂದ ಸಂಪಾದಕರು ಹೇಳಿದ್ದು ಒಂದೇ ಮಾತು: “ನಾಳೆ ಎಂಟಕ್ಕೆ ಗೋದಾಮಿಗೆ ಬನ್ನಿ.”

“ಬೈಬೇಡ್ವೋ, ಪಾಪ. ತಾನಾಗೇ ಒಪ್ಕೊಂಡಿದಾನೆ” ಎಂದು ದೊಡ್ಡಮ್ಮ ಫೋನಿಟ್ಟರು. ತಣ್ಣನೆಯ ಶರಬತ್ತಿನ ಲೋಟವನ್ನು ಅವನ ಮುಂದಕ್ಕೆ ತಳ್ಳಿದರು. ಆಮೇಲೆ ಪುರವಣಿಯ ಅಡಿಯಿಂದ ತಮ್ಮ ಕೈಬರಹದ ಹಾಳೆ ಎಳೆದು ಅದರ ಪಕ್ಕಕ್ಕಿಟ್ಟರು.

ಸ್ಕೇಲಪ್ಪ ಜನ್ಮದಲ್ಲಿ ಮೊದಲ ಬಾರಿಗೆ ಒಂದು ಬರಹವನ್ನು ಅಳೆಯದೆ ಓದಿದ. ದುಂಡಗಿನ ಅಕ್ಷರದಲ್ಲಿ ಕೊನೆಯ ಸಾಲು: ‘ಈಗ ಹಣ್ಣನ್ನು ಎರಡೂ ಕೈಯಿಂದ ಎತ್ತಿ ತಲೆಕೆಳಗಾಗಿ ಹಿಡಿದು’. ಅದರ ಕೆಳಗೆ ಅವರ ಹೆಸರು, ಫೋನ್ ನಂಬರು. ಮತ್ತೇನೂ ಇರಲಿಲ್ಲ.

“ನಿಮ್ಮ ಚುಕ್ಕೆ ನುಂಗಿದ್ದು ನನ್ನ ಹೆಸರು, ನಂಬರು, ಎರಡೇ” ಎಂದರು ದೊಡ್ಡಮ್ಮ. “ಅದಕ್ಕೆ ನಿಮಗೆ ಕೈ ಮುಗೀಬೇಕು ಅಂತಿದ್ದೆ. ಇಲ್ದಿದ್ರೆ ಆ ಜನ ಎಲ್ಲ ನನಗೇ ಫೋನ್ ಮಾಡೋರು. ಬರೀತಾ ಇರ್ಬೇಕಾದ್ರೆ ಯಾರೋ ಬಾಗಿಲು ತಟ್ಟಿದ್ರು, ಎದ್ದು ಹೋದೆ. ಬಂದು ಹಾಗೇ ಹೆಸರು ಹಾಕಿ ಮಡಚಿಬಿಟ್ಟೆ. ನನಗೀಗ ಎಪ್ಪತ್ತಾರು. ಮರೆವು ಅಂತ ಗೊತ್ತಾದ್ರೆ ಮಗ ನಾಳೇನೇ ಅಂಕಣ ನಿಲ್ಸಿ ನನ್ನ ಮೂಲೆಗೆ ಕೂರಿಸ್ತಾನೆ. ನೀವು ಚಿಕ್ಕೋರು. ಗೋದಾಮಿಂದ ವಾಪಸ್ ಬರ್ಬಹುದು.”

ಸ್ಕೇಲಪ್ಪ ಅರ್ಧ ಲೋಟ ಶರಬತ್ತನ್ನು ಒಂದೇ ಗುಟುಕಿಗೆ ಇಳಿಸಿದ. ವಿಚಿತ್ರವೆಂದರೆ ಅವನಿಗೆ ಸಿಟ್ಟು ಬರಲಿಲ್ಲ. ತಾನು ಏನನ್ನೂ ಕೆಡಿಸಿರಲಿಲ್ಲ ಎಂಬ ಸಮಾಧಾನ ಹೊಟ್ಟೆಯೊಳಗೆ ತಣ್ಣಗೆ ಹರಡುತ್ತಿತ್ತು. ಒಂದೇ ಒಂದು ಮುಳ್ಳು ಉಳಿದಿತ್ತು.

“ಹೋಗ್ಲಿ ಬಿಡಿ ದೊಡ್ಡಮ್ಮ. ಇದೊಂದು ಹೇಳ್ಬಿಡಿ. ತಲೆಕೆಳಗಾಗಿ ಹಿಡಿದು, ಆಮೇಲೆ ಏನು ಮಾಡ್ಬೇಕು?”

ದೊಡ್ಡಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಅದನ್ನ ಕೇಳೋಕೇ ಅಲ್ವೇನಪ್ಪ ನಿಮ್ಮನ್ನ ಕರೆಸಿದ್ದು!”