ಕಂಪ್ಯೂಟರಿನಲ್ಲಿ ಸಮ್ಮಿಶ್ರ ಸರ್ಕಾರ

"ಈ ಮನೆಯಲ್ಲಿ ಯಾವ ತೀರ್ಮಾನವೂ ಅಂಗಡಿಯವನ ಮಾತು ಕೇಳಿ ಆಗಲ್ಲ, ಅಡುಗೆಮನೆಯ ಪಿಸುಮಾತಿನಲ್ಲೂ ಆಗಲ್ಲ. ಸಭೆ ಸೇರಬೇಕು, ಚರ್ಚೆ ನಡೀಬೇಕು, ಮತಕ್ಕೆ ಹಾಕಬೇಕು. ನಾನು ಬದುಕಿರೋವರೆಗೂ ಹೀಗೇ!"

ಹಬೆಯಲ್ಲಿ ಬೆಂದ ಅಕ್ಕಿಹಿಟ್ಟಿನ ಪುಟ್ಟಿನ ಮೇಲೆ ಕಡಲೆ ಸಾರು ಸುರಿದುಕೊಳ್ಳುತ್ತ ಪವಿತ್ರನ್ ಹೀಗೆ ಘೋಷಿಸಿದಾಗ ಅವರ ಹೆಂಡತಿ ಸೌದಾಮಿನಿ ಟೀಚರ್ ಕೇಳಿದ್ದು ಇಷ್ಟೇ: "ಸಭೆಗೆ ಎಷ್ಟು ಲೋಟ ಚಹಾ ಮಾಡಲಿ?"

ಪವಿತ್ರನ್ ಅಂದರೆ ಸಾಮಾನ್ಯರಲ್ಲ. ಪಯ್ಯನ್ನೂರಿನ ಆ ರಸ್ತೆಯಲ್ಲಿ ಯಾರನ್ನು ಬೇಕಾದರೂ ಕೇಳಿ, 'ಕಂಪ್ಯೂಟರ್ ತಡೆದ ಪವಿತ್ರನ್' ಎಂದೇ ಮನೆ ತೋರಿಸುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ, ಅವರು ಗುಮಾಸ್ತರಾಗಿದ್ದ ವಿಮಾ ಕಚೇರಿಗೆ ಲಾರಿಯಲ್ಲಿ ಕಂಪ್ಯೂಟರ್ ಬಂದಿಳಿದಾಗ, ನೂರು ಜನರ ಅನ್ನ ಕಸಿಯುವ ಈ ರಾಕ್ಷಸ ಒಳಗೆ ಹೋಗುವುದಾದರೆ ನನ್ನ ಎದೆಯ ಮೇಲೆಯೇ ಹೋಗಲಿ ಎಂದು ಬಾಗಿಲಿಗೆ ಅಡ್ಡ ಕೂತ ಮಹಾನುಭಾವರು! ಹದಿಮೂರು ದಿನ ಅಲ್ಲಿಂದ ಕದಲಲಿಲ್ಲ. ಹದಿನಾಲ್ಕನೆಯ ದಿನ ಲಾರಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಎರಡು ವರ್ಷ ಕಳೆದು ಇನ್ನೊಂದು ಲಾರಿ ಬಂತು, ಆಗ ಯಾರೂ ಅಡ್ಡ ಕೂರಲಿಲ್ಲ. ಆ ಎರಡನೆಯ ಲಾರಿಯ ವಿಷಯ ಪವಿತ್ರನ್ ಎದುರಿಗೆ ಯಾರೂ ಎತ್ತುವುದಿಲ್ಲ.

ಅಂಥವರ ಮನೆಗೇ ಈಗ ಕಂಪ್ಯೂಟರ್ ಬಂದಿತ್ತು. ಟೀಚರ್ ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಪಾಠ, ಅಂಕಪಟ್ಟಿ, ಪ್ರಶ್ನೆಪತ್ರಿಕೆ ಎಲ್ಲವೂ ಕಂಪ್ಯೂಟರಿನಲ್ಲೇ ಆಗಬೇಕೆಂದು ಇಲಾಖೆ ಹೇಳಿದ ಮೇಲೆ ಅವರು ಯಾರ ಮತವನ್ನೂ ಕೇಳದೆ ತಂದು ಇಟ್ಟರು. ಅದು ಒಳಗೆ ಬರುವಾಗ ಪವಿತ್ರನ್ ಬಾಗಿಲಿಗೆ ಅಡ್ಡ ಕೂರಲಿಲ್ಲ. ಜಗಲಿಯಲ್ಲಿ ಪತ್ರಿಕೆ ಎತ್ತಿ ಹಿಡಿದು, ರಸ್ತೆಯಲ್ಲಿ ಹೋಗುವವರಿಗೆ ಮುಖ ಕಾಣದ ಹಾಗೆ ಕೂತಿದ್ದರು.

ಒಂದು ವಾರ ಅತ್ತ ತಿರುಗಿಯೂ ನೋಡಲಿಲ್ಲ. ಎಂಟನೆಯ ದಿನ, ಟೀಚರ್ ಶಾಲೆಗೆ ಹೋದ ಮೇಲೆ, ಧೂಳು ಒರೆಸುವ ನೆಪದಲ್ಲಿ ಹತ್ತಿರ ಹೋದರು. ಅದರಲ್ಲಿ ಇಸ್ಪೀಟಾಟ ಇತ್ತು! ಅಂದಿನಿಂದ ಒಂಬತ್ತೂವರೆಗೆ ಕೂತರೆ ನಾಲ್ಕಕ್ಕೆ ಏಳುವುದು. ಎಂಬತ್ತಾರು ವರ್ಷದ ತಾಯಿ ಚಿರುತೇಯಮ್ಮ ಒಂದು ದಿನ ಬಾಗಿಲಲ್ಲಿ ನಿಂತು, "ಏನೋ ಮಾಡ್ತಿದ್ದೀ ಪವಿತ್ರಾ, ಊಟಾನೂ ಬಿಟ್ಟು?" ಎಂದು ಕೇಳಿದರು.

"ಶತ್ರುವಿನ ಅಧ್ಯಯನ, ಅಮ್ಮ."

"ಶತ್ರು ಆಟಿನ್ ರಾಣಿ ಹಾಗೆ ಕಾಣ್ತಾಳಲ್ಲೋ!"

ಪವಿತ್ರನ್‌ಗೆ ಗೊತ್ತಿಲ್ಲದ ಒಂದು ಗುಟ್ಟು ಆ ಪೆಟ್ಟಿಗೆಯಲ್ಲಿತ್ತು. ನಿಮಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ನಿವೃತ್ತರಾದ ಮೇಲೆ ಅವರು ಆ ಹದಿಮೂರು ದಿನಗಳ ಕಥೆಯನ್ನು ಮೂರು ದಪ್ಪ ನೋಟ್‌ಬುಕ್ಕುಗಳಲ್ಲಿ ಬರೆದಿದ್ದರು. ಅಚ್ಚು ಹಾಕಲು ಯಾರೂ ಒಪ್ಪಲಿಲ್ಲ. "ಚರಿತ್ರೆ ತಾನಾಗಿ ಹುಡುಕಿಕೊಂಡು ಬರುತ್ತೆ" ಎಂದು ಅಟ್ಟಕ್ಕೆ ಎಸೆದರು. ಹುಡುಕಿಕೊಂಡು ಬಂದದ್ದು ಗೆದ್ದಲು. ಟೀಚರ್ ಆ ನೋಟ್‌ಬುಕ್ಕುಗಳನ್ನು ಸದ್ದಿಲ್ಲದೆ ಕೆಳಗಿಳಿಸಿ, ದಿನಾ ಸಂಜೆ 'ಪ್ರಶ್ನೆಪತ್ರಿಕೆ ಕೆಲಸ' ಎಂದು ಹೇಳಿ ಕದ ಹಾಕಿಕೊಂಡು, ನೂರ ಹನ್ನೆರಡು ಪುಟ ಟೈಪ್ ಮಾಡಿದ್ದರು. ಗೆದ್ದಲು ಬೇರೆ ಪುಸ್ತಕಗಳಿಗೆ ಹತ್ತದಿರಲೆಂದು ನೋಟ್‌ಬುಕ್ಕುಗಳನ್ನು ಬಚ್ಚಲ ಒಲೆಗೆ ಹಾಕಿದ್ದರು. ಗಂಡನಿಗೆ ಅರವತ್ತೈದು ತುಂಬುವ ದಿನ ಪುಸ್ತಕ ಮಾಡಿ ಕೈಗಿಡಬೇಕು ಎಂಬ ಆಸೆ. ಹಳೆಯ ಫೋಟೋ ಸೇರಿಸಿ ಪುಟ ಕಟ್ಟುವ ಹೊಣೆ ಟೀಚರ ತಮ್ಮ, ಫೋಟೋ ಸ್ಟುಡಿಯೋದ ಸುಗುಣನ್‌ದು. ಆ ಪೆಟ್ಟಿಗೆಯಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಅದರ ಪ್ರತಿ ಇರಲಿಲ್ಲ.

ಜಗಳ ಹುಟ್ಟಿದ್ದು ಹೀಗೆ. ಅಕ್ಕನಿಗೆ ಕಂಪ್ಯೂಟರ್ ಆರಿಸಿ ಕೊಡಿಸಿದ್ದು ಸುಗುಣನ್, ಹಾಗಾಗಿ ಅದರಲ್ಲಿ ವಿಂಡೋಸ್ ಇತ್ತು. ಶಾಲೆಯಲ್ಲಿ ಇರುವುದು ಲಿನಕ್ಸ್. ಟೀಚರಿಗೆ ಮನೆಯಲ್ಲೂ ಲಿನಕ್ಸ್ ಬೇಕು. ಸುಗುಣನ್‌ಗೆ ವಿಂಡೋಸ್ ಉಳಿಯಬೇಕು. ಈ ವಾಗ್ವಾದ ಪವಿತ್ರನ್ ಕಿವಿಗೆ ಬಿತ್ತು. ಅವರು ಮನೆಯ ಸಭೆಗಳ ನಡಾವಳಿ ಬರೆಯುವ ಕೆಂಪು ರಟ್ಟಿನ ಪುಸ್ತಕ ತೆಗೆದು, ಬರುವ ಶನಿವಾರ ಸಂಜೆ ಐದಕ್ಕೆ ಸಭೆ ಎಂದು ಬರೆದರು. ಅಧ್ಯಕ್ಷೆ ಚಿರುತೇಯಮ್ಮ. ಸುಗುಣನ್ ವಿಶೇಷ ಆಹ್ವಾನಿತ, ಮಾತಿನ ಹಕ್ಕುಂಟು, ಮತದ ಹಕ್ಕಿಲ್ಲ.

"ಗೌರವಾನ್ವಿತ ಅಧ್ಯಕ್ಷರೇ," ಎಂದು ಪವಿತ್ರನ್ ಎದ್ದು ನಿಂತರು.

"ಕೂತ್ಕೊಂಡೇ ಮಾತಾಡೋ. ಮಂಡಿ ನೋವು ಅಂತ ಬೆಳಗ್ಗೆ ಎಣ್ಣೆ ಹಚ್ಚಿಸ್ಕೊಂಡ್ಯಲ್ಲ."

ಪವಿತ್ರನ್ ಕೂತರು. ಟೀಚರ್ ತಮ್ಮ ವಾದ ಮಂಡಿಸಿದರು. "ಲಿನಕ್ಸ್‌ಗೆ ಒಡೆಯ ಅಂತ ಇಲ್ಲ. ಸಾವಿರಾರು ಜನ ಸೇರಿ ಕಟ್ಟಿದ್ದು. ಯಾರು ಬೇಕಾದ್ರೂ ತಗೋಬಹುದು, ತಿದ್ದಬಹುದು, ಪಕ್ಕದ ಮನೆಗೂ ಕೊಡಬಹುದು. ಜೀವನವಿಡೀ ನೀವು ಮೈಕಿನಲ್ಲಿ ಹೇಳಿದ್ದು ಇದನ್ನೇ ಅಲ್ವಾ ಪವಿತ್ರೇಟ್ಟಾ?" ಎಂದು ಗಂಡನ ಕಡೆ ತಿರುಗಿದರು.

ಪವಿತ್ರನ್ ಎದೆಗೆ ಬಾಣ ನಾಟಿತು. ಒಡೆಯನಿಲ್ಲದ ವ್ಯವಸ್ಥೆ! ಇದಕ್ಕಾಗಿ ಅಲ್ಲವೇ ತಾವು ಲಾಠಿ ಏಟು ತಿಂದದ್ದು? ಕೈ ತಾನಾಗಿ ಮೇಲೇಳಬೇಕಿತ್ತು. ಆದರೆ ಕಣ್ಣ ಮುಂದೆ ಇಸ್ಪೀಟಿನ ಎಲೆಗಳು ಸಾಲಾಗಿ ನಿಂತು, ನಮ್ಮ ಗತಿ ಏನು ಎಂದು ಕೇಳಿದವು.

"ಭಾವ, ಫೋಟೋ ಕೆಲಸ, ಆಲ್ಬಮ್ ಕೆಲಸ ನನಗೆ ಗೊತ್ತಿರೋದು ವಿಂಡೋಸ್‌ನಲ್ಲಿ ಮಾತ್ರ," ಎಂದ ಸುಗುಣನ್.

"ನಮ್ಮ ಮನೇಲಿ ನಿನಗೇನೋ ಆಲ್ಬಮ್ ಕೆಲಸ?"

ಸುಗುಣನ್ ಅಕ್ಕನ ಮುಖ ನೋಡಿದ. ಅಕ್ಕ ಸೂರು ನೋಡಿದರು. "ಅದು... ಸುಮ್ನೆ, ಮುಂದೆ ಯಾವಾಗ್ಲಾದ್ರೂ," ಎಂದು ಅವನು ಚಹಾ ಕುಡಿದ.

ಆಗ ಪವಿತ್ರನ್ ಗಂಟಲು ಸರಿಮಾಡಿಕೊಂಡು ಐತಿಹಾಸಿಕ ಸೂಚನೆ ಮಂಡಿಸಿದರು. "ಅಲ್ಪಸಂಖ್ಯಾತರ ಹಿತವನ್ನೂ ಕಾಪಾಡಬೇಕು. ಒಂದೇ ಕಂಪ್ಯೂಟರಿನಲ್ಲಿ ಎರಡೂ ಇರಬಹುದು ಅಂತ ಪತ್ರಿಕೆಯಲ್ಲಿ ಓದಿದ್ದೀನಿ. ಡಿಸ್ಕನ್ನ ಎರಡು ಪಾಲು ಮಾಡೋದು. ಶುರು ಮಾಡುವಾಗ ಯಾರ ಆಡಳಿತ ಬೇಕು ಅಂತ ಅದೇ ಕೇಳುತ್ತೆ. ಸಮ್ಮಿಶ್ರ ಸರ್ಕಾರ! ನಮ್ಮ ರಾಜ್ಯಕ್ಕೆ ಆಗೋದು ಒಂದು ಪೆಟ್ಟಿಗೆಗೆ ಆಗಲ್ವಾ?"

ಚಿರುತೇಯಮ್ಮ ಎಲೆಯಡಿಕೆ ಬಾಯಿಗಿಟ್ಟು ತೀರ್ಪು ಕೊಟ್ಟರು. "ಎರಡೂ ಇರಲಿ. ಆ ಲಿನಕ್ಸ್ ಸೀಡಿ ಮೇಲಿರೋ ಹೊಟ್ಟೆ ದಪ್ಪದ ಹಕ್ಕಿ ಪಾಪ, ನೋಡೋಕೆ ಚೆನ್ನಾಗಿದೆ. ಇಸ್ಪೀಟೂ ಇರಲಿ."

"ಇಸ್ಪೀಟಾ?" ಎಂದರು ಟೀಚರ್.

"ಸಭೆ ಮುಗಿಯಿತು!" ಎಂದರು ಪವಿತ್ರನ್.

ಶಾಲೆಯ ಕಂಪ್ಯೂಟರ್ ಮೇಷ್ಟ್ರು ಮೊಯ್ದು ಮಾಷ್ ಮುಂದಿನ ಭಾನುವಾರ ನಾಲ್ಕು ಗಂಟೆಗೆ ಬಂದು ಪಾಲು ಮಾಡಿಕೊಡುವುದೆಂದು ತೀರ್ಮಾನವಾಯಿತು. ಪಾಲಿಗೆ ಮೊದಲು ಅವರ ಕೈಯಿಂದಲೇ ಆ ಪುಸ್ತಕದ ಕಡತದ ಪ್ರತಿ ತೆಗೆಸಿಕೊಂಡರಾಯಿತು ಎಂದು ಟೀಚರ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಅಲ್ಲೀವರೆಗೆ ಯಾರೂ ಅದನ್ನ ಮುಟ್ಟಬೇಡಿ," ಎಂದು ಮೂರು ಸಲ ಹೇಳಿದರು.

ಭಾನುವಾರ ಬೆಳಗ್ಗೆ ಟೀಚರ್ ಸಹೋದ್ಯೋಗಿಯ ಮಗಳ ಮದುವೆಗೆ ಹೋದರು. ಸುಗುಣನ್ ಅದೇ ಮದುವೆಗೆ ಕ್ಯಾಮರಾ ಹೊತ್ತು ಹೋದ. ಮನೆಯಲ್ಲಿ ಪವಿತ್ರನ್, ತಾಯಿ, ಮತ್ತು ಮೇಜಿನ ಮೇಲೆ ಶಾಲೆಯಿಂದ ತಂದ ಲಿನಕ್ಸ್ ಸೀಡಿ.

ಪವಿತ್ರನ್‌ಗೆ ಒಂದು ಶಂಕೆ ಹುಳದ ಹಾಗೆ ಕೊರೆಯುತ್ತಿತ್ತು. ಮೊಯ್ದು ಮಾಷ್ ಟೀಚರ ಕಡೆಯವರು. ಲಿನಕ್ಸಿಗೆ ಮುಕ್ಕಾಲು ಕೊಟ್ಟು, ವಿಂಡೋಸಿಗೆ ಮೂಲೆ ತೋರಿಸಿದರೆ? ಅಷ್ಟು ಇಕ್ಕಟ್ಟಿನಲ್ಲಿ ಐವತ್ತೆರಡು ಎಲೆ ಹಿಡಿಸುತ್ತವೆಯೇ? ಆ ರಸ್ತೆಯಲ್ಲಿ ಅಣ್ಣತಮ್ಮಂದಿರ ತೋಟ ಭಾಗ ಮಾಡಿಕೊಟ್ಟವರು ಪವಿತ್ರನ್. ಏಳು ತೋಟ ಪಾಲು ಮಾಡಿದ್ದಾರೆ, ಒಂದೂ ಕೋರ್ಟಿಗೆ ಹೋಗಿಲ್ಲ! ಅಂಥವರ ಸ್ವಂತ ಮನೆಯ ಪಾಲನ್ನು ಹೊರಗಿನವರು ಮಾಡುವುದೇ? ಅವರು ಪಂಚೆ ಎತ್ತಿ ಕಟ್ಟಿ ಸೀಡಿಯನ್ನು ಒಳಗೆ ತಳ್ಳಿದರು.

ಮಲಯಾಳದಲ್ಲೇ ಮಾತಾಡಿಸಿತು ಲಿನಕ್ಸ್. ಎಂಥ ವಿನಯ! ಹೆಸರು ಕೇಳಿತು, ಊರು ಕೇಳಿತು. ಆಮೇಲೆ ಡಿಸ್ಕಿನ ಚಿತ್ರ ತೋರಿಸಿತು. ಪವಿತ್ರನ್‌ಗೆ ತೋಟ ಅಳೆಯುವ ಕ್ರಮ ಗೊತ್ತು. ಮೊದಲು ಹಳೆಯ ಬೇಲಿಯನ್ನು ಪೂರ್ತಿ ಕಿತ್ತು ಹಾಕಬೇಕು, ಆಮೇಲೆ ಹಗ್ಗ ಹಿಡಿದು ಸರಿಸಮ ಎರಡು ಭಾಗ ಮಾಡಬೇಕು. ಬೇಲಿ ಕಿತ್ತರೆ ತೆಂಗಿನ ಮರ ಎಲ್ಲಿಗೆ ಹೋಗುತ್ತದೆ? ಅವರು ಹಳೆಯ ಭಾಗದ ಮೇಲೆ ಮೌಸ್ ಒತ್ತಿ 'ತೆಗೆದುಹಾಕು' ಎಂದರು.

ಪರದೆಯ ಮೇಲೆ ಕೆಂಪು ಅಕ್ಷರ ಬಂತು: 'ಎಚ್ಚರಿಕೆ! ಮುಂದುವರಿದರೆ ಇಲ್ಲಿರುವುದೆಲ್ಲ ನಾಶವಾಗುತ್ತದೆ.'

ಎಚ್ಚರಿಕೆ ಎಂಬ ಪದ ಕಂಡದ್ದೇ ಪವಿತ್ರನ್ ಬೆನ್ನು ನೆಟ್ಟಗಾಯಿತು. ಮೂವತ್ತು ವರ್ಷದ ನೌಕರಿಯಲ್ಲಿ ಆಡಳಿತದವರು ಅವರಿಗೆ ಹದಿನೇಳು ಎಚ್ಚರಿಕೆ ಪತ್ರ ಕೊಟ್ಟಿದ್ದರು. ಮುಂದುವರಿದರೆ ಕೆಲಸ ಹೋಗುತ್ತದೆ, ಮುಂದುವರಿದರೆ ಪಿಂಚಣಿ ಹೋಗುತ್ತದೆ. ಹದಿನೇಳು ಸಲವೂ ಮುಂದುವರಿದರು, ಒಮ್ಮೆಯೂ ಏನೂ ಹೋಗಲಿಲ್ಲ!

"ಬೆದರಿಸ್ತೀಯಾ? ಯಾರಿಗೆ ಬೆದರಿಕೆ ಹಾಕ್ತಿದ್ದೀ ಗೊತ್ತಾ?" ಎಂದು ಗುಂಡಿ ಒತ್ತಿದರು.

'ಖಚಿತವೇ? ಇದನ್ನು ಮತ್ತೆ ಸರಿಪಡಿಸಲಾಗದು.'

"ಖಚಿತ! ನಿನ್ನ ಮಾಲೀಕನಿಗೂ ಹೇಳು!" ಎಂದು ಕೂಗಿದ ಮೇಲೆ, ಇದಕ್ಕೆ ಮಾಲೀಕನಿಲ್ಲವಲ್ಲ ಎಂಬುದು ನೆನಪಾಯಿತು. ಆದರೂ ಒತ್ತಿದರು.

"ಯಾರ ಜೊತೆಗೋ ಜಗಳ?" ಎಂದು ಒಳಗಿನಿಂದ ತಾಯಿ ಕೇಳಿದರು.

"ಮಾತುಕತೆ ನಡೀತಿದೆ ಅಮ್ಮ. ಅವರು ಬಗ್ಗುತ್ತಿದ್ದಾರೆ."

ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಡಿಸ್ಕಿನ ಬಲಕ್ಕೆ ಅರ್ಧ, ಎಡಕ್ಕೆ ಅರ್ಧ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಲಗಡೆಯ ಪಾಲಿನಲ್ಲಿ ಲಿನಕ್ಸ್ ನಗುತ್ತ ಕೂತಿತ್ತು. ಎಡಗಡೆಯ ಪಾಲು ಬರಿದಾಗಿತ್ತು. ವಿಂಡೋಸ್ ಇಲ್ಲ, ರಾಣಿ ಇಲ್ಲ, ರಾಜನೂ ಇಲ್ಲ. ಬೇಲಿಯ ಜೊತೆಗೆ ತೋಟವೇ ಹೋಗಿತ್ತು. ಸಮ್ಮಿಶ್ರ ಸರ್ಕಾರದಲ್ಲಿ ಒಂದೇ ಪಕ್ಷ ಉಳಿದಿತ್ತು. ಪವಿತ್ರನ್ ಬಹಳ ಹೊತ್ತು ಇಸ್ಪೀಟಿಗಾಗಿ ಮೌನ ಆಚರಿಸಿದರು. ಆಮೇಲೆ, ಟೀಚರಿಗೆ ಬೇಕಾದದ್ದು ಲಿನಕ್ಸ್ ತಾನೇ, ತ್ಯಾಗ ಮಾಡಿದೆ ಅಂದರಾಯಿತು ಎಂದು ಮುಖ ತೊಳೆದು ಕೂತರು.

ಮೂರೂವರೆಗೆ ಅಕ್ಕ ತಮ್ಮ ಬಂದರು. ಜೊತೆಗೆ ಮೊಯ್ದು ಮಾಷ್ ಕೂಡ.

"ನಿನಗಾಗಿ ನನ್ನ ಹಠ ಬಿಟ್ಟೆ, ಸೌದಾಮಿನೀ," ಎಂದು ಪವಿತ್ರನ್ ಕೈ ಚಾಚಿ ಪರದೆ ತೋರಿಸಿದರು. "ಪೂರ್ತಿ ಲಿನಕ್ಸ್!"

ಟೀಚರ್ ರೇಷ್ಮೆ ಸೀರೆಯಲ್ಲೇ ಕುರ್ಚಿಗೆ ಬಿದ್ದರು. ಒತ್ತಿದರು, ಹುಡುಕಿದರು, ಮತ್ತೆ ಒತ್ತಿದರು. ಮೊಯ್ದು ಮಾಷ್ ಬಗ್ಗಿ ನೋಡಿದರು, ಅರ್ಧ ಗಂಟೆ ಏನೇನೋ ಮಾಡಿದರು, ಕೊನೆಗೆ ತಲೆಯಾಡಿಸಿದರು.

"ಏನಾಯ್ತು? ಪ್ರಶ್ನೆಪತ್ರಿಕೆ ತಾನೇ?" ಪವಿತ್ರನ್ ಸಣ್ಣ ದನಿಯಲ್ಲಿ ಕೇಳಿದರು. "ಪ್ರಶ್ನೆ ಬೇರೆ ಬರೆದರಾಯ್ತು. ನನ್ನ ಇಸ್ಪೀಟೂ ಹೋಯ್ತಲ್ಲ."

"ಇಸ್ಪೀಟು ಲಿನಕ್ಸ್‌ನಲ್ಲೂ ಇದೆ," ಎಂದರು ಟೀಚರ್. "ಹೋದದ್ದು ನಿಮ್ಮ ಪುಸ್ತಕ."

ಸುಗುಣನ್ ಎಲ್ಲವನ್ನೂ ಹೇಳಿದ. ನೋಟ್‌ಬುಕ್ಕು, ಗೆದ್ದಲು, ನೂರ ಹನ್ನೆರಡು ಪುಟ, ಹುಟ್ಟಿದ ದಿನ. ಪವಿತ್ರನ್ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ಅವರಿಗೆ ಅಳು ಬಂದದ್ದು ಪುಸ್ತಕಕ್ಕಾಗಿ ಅಲ್ಲ. ದಿನವಿಡೀ ಮಕ್ಕಳಿಗೆ ಪಾಠ ಹೇಳಿ ಬಂದು, ಸಂಜೆ ಕತ್ತು ಬಗ್ಗಿಸಿ ತನ್ನ ಕೋಳಿಕಾಲು ಅಕ್ಷರ ಓದಿ ಓದಿ ಟೈಪ್ ಮಾಡಿದಳಲ್ಲ, ಅದೇ ಕುರ್ಚಿಯಲ್ಲಿ ತಾನು ಹಗಲೆಲ್ಲ ರಾಣಿಯನ್ನು ರಾಜನ ಕೆಳಗೆ ಕೂರಿಸುತ್ತಿದ್ದೆನಲ್ಲ ಎಂದು ನಾಚಿಕೆಯಿಂದ ಅಳು ಬಂತು.

"ಇನ್ನು ನೀನು ಒಂದಕ್ಷರ ಟೈಪ್ ಮಾಡೋದು ಬೇಡ," ಎಂದರು. "ನಾನೇ ಮಾಡ್ತೀನಿ. ಮೊದಲಿನಿಂದ."

"ನಿಮಗೆ ನೆನಪಿದೆಯಾ ಎಲ್ಲಾ?"

"ಘೋಷಣೆಗಳು ನೆನಪಿವೆ. ಯಾವ ದಿನ ಏನಾಯ್ತು ಅನ್ನೋದು..."

"ನನಗೆ ನೆನಪಿದೆ. ನಾನು ಹೇಳ್ತೀನಿ, ನೀವು ಟೈಪ್ ಮಾಡಿ," ಎಂದು ಟೀಚರ್ ಕಣ್ಣೊರೆಸಿಕೊಂಡು ಸೀರೆ ಬದಲಿಸಲು ಹೋದರು.

ಮರುದಿನ ಸಂಜೆ ಕಂಪ್ಯೂಟರ್ ತಡೆದ ಪವಿತ್ರನ್ ಒಂದೇ ಬೆರಳಿನಲ್ಲಿ ಅದರ ಸೇವೆಗೆ ಕೂತರು. ಟೀಚರ್ ಪಕ್ಕದಲ್ಲಿ ಕಾಲು ನೀಡಿ ಕೂತು, ತರಗತಿಯಲ್ಲಿ ಉಕ್ತಲೇಖನ ಕೊಡುವ ಹಾಗೆ ನಿಧಾನವಾಗಿ ಹೇಳುತ್ತಿದ್ದರು. ಧರಣಿಯ ಮೊದಲ ದಿನದ ಕಥೆ ಚೆನ್ನಾಗಿ ಮುಗಿಯಿತು. ಎರಡನೆಯ ದಿನದ್ದೂ ಮುಗಿಯಿತು.

"ಮೂರನೇ ದಿನ. ದೀಪ ಹಚ್ಚುವ ಹೊತ್ತಿಗೆ ಪವಿತ್ರನ್ ಹಿತ್ತಿಲ ಕಡೆಯಿಂದ ಮನೆಗೆ ಬಂದು, ಮತ್ತಿ ಮೀನಿನ ಸಾರು ಅನ್ನ ಉಂಡು, ಯಾರಿಗೂ ಕಾಣದ ಹಾಗೆ ಕಚೇರಿ ಬಾಗಿಲಿಗೆ ವಾಪಸ್ಸು ಹೋದರು."

ಬೆರಳು ಗಾಳಿಯಲ್ಲೇ ನಿಂತಿತು.

"ಇದು ಹಳೇದರಲ್ಲಿ ಇತ್ತಾ?"

"ಇರಲಿಲ್ಲ. ನೀವು ಕದಲಲೇ ಇಲ್ಲ ಅಂತ ಬರೆದಿದ್ರಿ, ನಾನು ಹಾಗೇ ಟೈಪ್ ಮಾಡಿದ್ದೆ. ಗಂಡನ ಮಾನ ಅಂತ ಒಂದಕ್ಷರ ಮುಟ್ಟಿರಲಿಲ್ಲ. ನೀವೇ ಅಳಿಸಿದ್ರಿ."

"ಸೌದಾಮಿನೀ, ಅದೇ ಚೆನ್ನಾಗಿತ್ತಲ್ವಾ?"

"ಬಹಳ ಚೆನ್ನಾಗಿತ್ತು. ಟೈಪ್ ಮಾಡಿ."

ಒಳಕೋಣೆಯಿಂದ ಚಿರುತೇಯಮ್ಮನ ದನಿ ಬಂತು. "ಮೂರನೇ ದಿನ ಮಾತ್ರ ಅಲ್ಲ ಕಣೇ. ಐದನೇ ದಿನ, ಎಂಟನೇ ದಿನ... ಮೀನು ತಂದ ದಿನವೆಲ್ಲ ಬಂದಿದ್ದ. ಸರಿಯಾಗಿ ಹಾಕಿಸು."

ಪವಿತ್ರನ್ ಹೆಂಡತಿಯ ಮುಖ ನೋಡಿದರು. ಟೀಚರ್ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಿನ್ನೆಯಿಂದ ಮೊದಲ ಸಲ ಆ ಮುಖದಲ್ಲಿ ನಗು ಕಂಡು ಅವರ ಜೀವ ತಣ್ಣಗಾಯಿತು. ಚರಿತ್ರೆ ಹಾಳಾಗಿ ಹೋಗಲಿ ಎಂದು ಅವರು ಕನ್ನಡಕ ಸರಿಪಡಿಸಿಕೊಂಡು ಬೆರಳು ಇಳಿಸಿದರು.

"ಸಾರು ಎರಡು ಸಲ ಹಾಕಿಸಿಕೊಂಡೆ ಅಂತಲೂ ಸೇರಿಸಲಾ?"

"ಸೇರಿಸಿ," ಎಂದರು ಟೀಚರ್. "ಮೂರು ಸಲ."