ಕಟ್ಟೆಮಳಲವಾಡಿಗೆ ಗಾಳಿಯಲ್ಲಿ ಬಂದ ಇಂಟರ್ನೆಟ್ಟು

ಕಂಪ್ಯೂಟರ್ ರಿಪೇರಿ ಅಂಗಡಿಗೆ ಕೆಟ್ಟ ಕಂಪ್ಯೂಟರುಗಳು ಮಾತ್ರ ಬರುತ್ತವೆ ಎಂದು ತಿಳಿದವರು ಯಾವತ್ತೂ ಅಂಗಡಿ ಇಟ್ಟವರಲ್ಲ. ಒಂದೊಂದು ಮೆಷೀನಿನ ಹಿಂದೆ ಒಂದೊಂದು ಮನೆ ಬರುತ್ತದೆ, ಆ ಮನೆಯ ಹಿಂದೆ ಅರ್ಧ ಊರು ಬರುತ್ತದೆ. ಹುಣಸೂರಿನ ಬಸ್ ಸ್ಟ್ಯಾಂಡ್ ಹತ್ತಿರ ಬೇಕರಿಯ ಮಹಡಿ ಮೇಲೆ ನನ್ನ ಅಂಗಡಿ ಇದ್ದ ಕಾಲದಲ್ಲಿ ಇಂಥವು ನಡೆಯುತ್ತಲೇ ಇದ್ದವು. ಗಿರಾಕಿಗಳ ಕತೆ ಹೇಳಿ ಬೈಸಿಕೊಳ್ಳುವುದಕ್ಕಿಂತ ನನ್ನ ಮೈಮೇಲೆ ಬಂದದ್ದನ್ನೇ ಹೇಳುವುದು ಕ್ಷೇಮ.

ಆಗ ಮೊಬೈಲು ಎಲ್ಲರ ಜೇಬಿಗೂ ಬಂದಿತ್ತು. ಇಂಟರ್ನೆಟ್ಟು ಮಾತ್ರ ಪೇಟೆ ಬಿಟ್ಟು ಕದಲಿರಲಿಲ್ಲ. ನನ್ನ ಮದುವೆಯೂ ಹಾಗೇ, ಎಲ್ಲಿತ್ತೋ ಅಲ್ಲೇ ಕೂತಿತ್ತು. ಹೆಣ್ಣಿನ ಕಡೆಯವರು "ಹುಡುಗನಿಗೆ ಸರ್ಕಾರಿ ಕೆಲಸವಾ?" ಎಂದು ಕೇಳುತ್ತಿದ್ದರು. ಅಲ್ಲ ಎಂದರೆ "ಜಮೀನು ಎಷ್ಟಿದೆ?" ಎನ್ನುತ್ತಿದ್ದರು. ಕಂಪ್ಯೂಟರ್ ಅಂಗಡಿ ಎಂದ ಕೂಡಲೇ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟು ಏಳುತ್ತಿದ್ದರು. ನನ್ನವ್ವನಿಗೆ ಹಗಲೂ ರಾತ್ರಿ ಅದೇ ಚಿಂತೆ. ನನಗೂ ಅದೇ ಚಿಂತೆ, ತೋರಿಸಿಕೊಳ್ಳುತ್ತಿರಲಿಲ್ಲ ಅಷ್ಟೆ.

ಟವಲ್ಲಿನ ಕೆಳಗಿನ ವ್ಯಾಪಾರ

ಒಂದು ದಿನ ಬೆಳಿಗ್ಗೆ ಬಿಳಿ ಪಂಚೆಯ ದೊಡ್ಡ ಮನುಷ್ಯರೊಬ್ಬರು ಮಹಡಿ ಹತ್ತಿ ಬಂದರು. ಕೈಯಲ್ಲಿ ಗೊಬ್ಬರದ ಚೀಲ. ಅದರೊಳಗಿಂದ ಹಳೇ ಸೀರೆಯಲ್ಲಿ ಸುತ್ತಿದ ಒಂದು ಲ್ಯಾಪ್‌ಟಾಪು ಹೊರಗೆ ಬಂತು. ತೂಕದಲ್ಲಿ ಒಳಕಲ್ಲಿಗೆ ಸಮ. ಕಟ್ಟೆಮಳಲವಾಡಿಯವರಂತೆ, ಹೊಗೆಸೊಪ್ಪು ಬೆಳೆಯುತ್ತಾರಂತೆ. ಕೊಡಗಿನ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರು ಕೆಲಸ ಬಿಟ್ಟು ಹೋಗುವಾಗ ಅಗ್ಗಕ್ಕೆ ಕೊಟ್ಟದ್ದಂತೆ.

"ಮಗಳು ಬಿಎಡ್ ಮಾಡವ್ಳೆ. ಈಗ ಮನೇಲೇ ಕುಂತು ಎಂಎ ಓದ್ತಾವ್ಳೆ. ಇಂಟರ್ನೆಟ್ ಬೇಕಂತೆ. ರಸ್ತೆ ಅಗಲ ಮಾಡೋವಾಗ ಫೋನಿನ ತಂತಿ ಕಿತ್ತೋರು ಮತ್ತೆ ಹಾಕಿಲ್ಲ. ತಂತಿ ಇಲ್ದಂಗೆ ಇದಕ್ಕೆ ಬರ್ಸೋಕಾಯ್ತದಾ?" ಎಂದರು.

"ಆಯ್ತದೆ ಗೌಡ್ರೆ" ಎಂದೆ. ಆ ಲ್ಯಾಪ್‌ಟಾಪು ಹುಟ್ಟಿದ್ದು ಗಾಳಿಯಲ್ಲಿ ಇಂಟರ್ನೆಟ್ ಬರುವುದಕ್ಕೆ ಮುಂಚೆ. ಅದರ ಪಕ್ಕದ ಸೀಳಿಗೆ ಹಾಕುವ ಒಂದು ಕಾರ್ಡು ಸಿಗುತ್ತಿತ್ತು, ದುಬಾರಿ. ಅದಕ್ಕಿಂತ ಅಗ್ಗದ್ದು ಬೆರಳುದ್ದದ ಡಾಂಗಲ್ಲು. ಅದರ ಹೊಟ್ಟೆಗೆ ಸಿಮ್ ಹಾಕಿ ಲ್ಯಾಪ್‌ಟಾಪಿಗೆ ಚುಚ್ಚಿದರೆ ಮುಗಿಯಿತು. ಚುಚ್ಚಿ ತೋರಿಸಿದೆ. ನೀಲಿ ದೀಪ ಹತ್ತಿ ಪುಟವೊಂದು ಬಿಚ್ಚಿಕೊಂಡಿತು.

ರೇಟು ಹೇಳಬೇಕು ಎನ್ನುವಷ್ಟರಲ್ಲಿ ಗೌಡರು ಹೆಗಲ ಮೇಲಿನ ಟವಲ್ಲು ತೆಗೆದು ನನ್ನ ಬಲಗೈ ಮೇಲೆ ಹಾಸಿ, ಅದರ ಕೆಳಗೆ ನನ್ನ ಬೆರಳು ಹಿಡಿದುಕೊಂಡರು. ದನದ ವ್ಯಾಪಾರ ಮಾಡುವವರ ಪದ್ಧತಿ ಅದು. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಬೆರಳು ಒತ್ತಿ ಹೇಳುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗಬಾರದು. ಅಂಗಡಿಯಲ್ಲಿ ಟೈಪಿಂಗಿಗೆ ಬಂದ ಕಾಲೇಜಿನ ಹುಡುಗಿಯರು ಕಿಸಕ್ಕನೆ ನಕ್ಕರು. ಗೌಡರು ಎರಡು ಬೆರಳು ಒತ್ತಿದರು. ನಾನು ತಲೆ ಆಡಿಸಿ ಮೂರು ಒತ್ತಿದೆ. ಅವರು ಅರ್ಧ ಬೆರಳು ಮಡಿಸಿದರು. ಎಷ್ಟಕ್ಕೆ ಕುದುರಿತು ಎನ್ನುವುದು ಆ ಟವಲ್ಲಿಗೆ ಮಾತ್ರ ಗೊತ್ತು.

ಅಷ್ಟರಲ್ಲಿ ನನ್ನ ಸೋದರಮಾವ ಮೆಟ್ಟಿಲು ಹತ್ತಿ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ.

"ಅಯ್ಯೋ ಮಂಕೇ," ಎಂದ, "ನೀನು ಇಡ್ಕಬೇಕಾಗಿದ್ದು ಮಗಳ ಕೈ ಕಣ್ಲಾ. ಅಪ್ಪನ ಕೈ ಇಡ್ಕಂಡು ಕುಂತಿದ್ದೀಯಲ್ಲ!"

ನೀರು ನೋಡಿದ್ದು

ಗುಟ್ಟು ರಟ್ಟಾಯಿತು. ಮಾವನೇ ಈ ಸಂಬಂಧ ಮಾತಾಡಿದ್ದ. ಗೌಡರು ಲ್ಯಾಪ್‌ಟಾಪಿನ ನೆಪದಲ್ಲಿ ಹುಡುಗನನ್ನು ನೋಡಲು ಬಂದಿದ್ದರು. ಸಿಕ್ಕಿಬಿದ್ದದ್ದಕ್ಕೆ ಅವರೇನೂ ನಾಚಿಕೊಳ್ಳಲಿಲ್ಲ.

"ಎತ್ತು ಕೊಳ್ಳೋವಾಗ ನೇಗಿಲು ಕಟ್ಟಿ ನೋಡಲ್ವಾ?" ಎಂದರು. "ಸರ್ಕಾರಿ ಕೆಲ್ಸ ಇಲ್ಲ, ಜಮೀನಿಲ್ಲ. ಓಗ್ಲಿ, ಕೈಲಿ ಕೆಲ್ಸ ಅದಾ ನೋಡಣ. ಪೇಟೇಲಿ ಬರ್ಸೋದು ದೊಡ್ಡದಲ್ಲ. ನಮ್ಮನೇಲಿ ಬರ್ಸು. ಆಮೇಲೆ ಅಮ್ಮನ ಹೂ ಕೇಳಣ."

ಅವರ ಮನೆಯಲ್ಲಿ ಯಾವ ಶುಭಕಾರ್ಯವೂ ಹೂ ಕೇಳದೆ ಆಗುವುದಿಲ್ಲ. ಮನೆದೇವರು ಅಮ್ಮನವರ ಫೋಟೋದ ಎಡಕ್ಕೊಂದು ಬಲಕ್ಕೊಂದು ಹೂವು ನೀರು ಮುಟ್ಟಿಸಿ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಆಗಲಿ ಎಂದು ಅರ್ಥ. ಎಡಗಡೆಯದು ಬಿದ್ದರೆ ಬಂದ ದಾರಿ ಹಿಡಿಯಬೇಕು, ಆ ಮಾತಿಗೆ ಮೇಲ್ಮನವಿ ಇಲ್ಲ.

ಭಾನುವಾರ ಕಟ್ಟೆಮಳಲವಾಡಿಗೆ ಹೋದೆ. ಹಜಾರದಲ್ಲಿ ಡಾಂಗಲ್ಲು ಚುಚ್ಚಿದರೆ ಸಿಗ್ನಲ್ಲಿನ ಒಂದು ಕಡ್ಡಿಯೂ ಕಾಣಲಿಲ್ಲ. ಲ್ಯಾಪ್‌ಟಾಪನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಹೊರಟೆ. ಕೊಟ್ಟಿಗೆಗೆ ಹೋದೆ, ಇಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಹೋದೆ. ತಗಡಿನ ಸೂರು, ಒಳಗೆ ಕಬ್ಬಿಣದ ಕೊಳವೆ, ಅಲ್ಲಿ ಬರುವ ಆಸೆಯೂ ಸತ್ತುಹೋಯಿತು. ಹಿತ್ತಲಿಗೆ ಬಂದು ಒಂದೊಂದೇ ಹೆಜ್ಜೆ ಇಟ್ಟೆ, ನಿಂತೆ, ತಿರುಗಿದೆ, ಮತ್ತೆ ಹೆಜ್ಜೆ ಇಟ್ಟೆ. ತಿರುಗಿ ನೋಡಿದರೆ ಹಿಂದೆ ಒಂದು ಸಣ್ಣ ಮೆರವಣಿಗೆ. ಯಾರೂ ತುಟಿ ಬಿಚ್ಚುತ್ತಿಲ್ಲ. ಇಬ್ಬರು ಚಪ್ಪಲಿ ಬೇರೆ ಬಿಟ್ಟಿದ್ದಾರೆ. ಪಕ್ಕದ ಮನೆಯಾತ ಕೈಯಲ್ಲಿ ಗೂಟ, ಕಲ್ಲು ಹಿಡಿದುಕೊಂಡು ಬರುತ್ತಿದ್ದಾನೆ.

ಬೇಲಿ ದಾಟಿ ಅವನ ಹಿತ್ತಲಿಗೆ ಕಾಲಿಟ್ಟಾಗ ಒಂದೇ ಒಂದು ಕಡ್ಡಿ ಮಿಣುಕಿತು. "ಇಲ್ಲಿ ಅದೆ!" ಎಂದು ಕೂಗಿದೆ. ಆತ ಓಡಿಬಂದು ನನ್ನ ಕಾಲ ಬುಡದಲ್ಲೇ ಗೂಟ ಹೊಡೆದು ಕೈಮುಗಿದ. ಕಡ್ಡಿ ಆಗಲೇ ಮಾಯವಾಗಿತ್ತು.

ಆಮೇಲೆ ಗೊತ್ತಾಯಿತು. ಬೋರ್‌ವೆಲ್ ಕೊರೆಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರು ನಡೆಯುವುದೂ ಹೀಗೆಯೇ. ನಾನು ಪೇಟೆಯಿಂದ ಬಂದ ಹೊಸ ನಮೂನೆಯವನು, ತೆಂಗಿನಕಾಯಿ ಬದಲು ಕಂಪ್ಯೂಟರ್ ಹಿಡಿದಿದ್ದೇನೆ ಎಂದುಕೊಂಡಿದ್ದರು. ಅಲ್ಲ ಎಂದು ಎಷ್ಟು ಹೇಳಿದರೂ ಆತ ಕೇಳಲಿಲ್ಲ. ಮುಂದೆ ಗೂಟ ಹೊಡೆದ ಜಾಗದಲ್ಲೇ ಬೋರ್ ಕೊರೆಸಿದ. ಒಳ್ಳೇ ನೀರು ಬಂತು. ಆ ಜಾಗಕ್ಕೆ ಇಂಟರ್ನೆಟ್ಟು ಮಾತ್ರ ಬರಲಿಲ್ಲ.

ಸ್ನಾನ ಮಾಡಿದ ಮೆಕ್ಯಾನಿಕ್ಕು

ಅದೇ ಭಾನುವಾರ ಬಿಸಿಲಲ್ಲಿ ಬೆಂದು ಹಿತ್ತಲ ಬಾಗಿಲಿಗೆ ವಾಪಸ್ ಬಂದಾಗ ಗೌಡರ ಮಗಳು ಮಜ್ಜಿಗೆ ಲೋಟ ಹಿಡಿದು ನಿಂತಿದ್ದಳು. ಆಕೆಯನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಎಣ್ಣೆಗಪ್ಪು ಮುಖ, ನಗು ತಡೆದು ತಡೆದು ತುಟಿ ಕಚ್ಚಿಕೊಂಡಿದ್ದಳು. ಅಲ್ಲಿಯೇ ನನಗೆ ಮನಸ್ಸಾಯಿತು, ಸುಳ್ಳು ಯಾಕೆ ಹೇಳಲಿ.

"ದೇವರ ಮನೆ ಕಿಟಕಿ ಹತ್ರ ನೋಡಿ," ಎಂದಳು. "ನನ್ನ ಮೊಬೈಲಿಗೂ ಟವರ್ ಸಿಗೋದು ಅಲ್ಲೊಂದೇ ಕಡೆ."

"ಮೊದ್ಲೇ ಹೇಳಬಾರ್ದಾಗಿತ್ತಾ?"

"ನೀವು ಕೇಳ್ಲಿಲ್ಲ. ನೀರು ನೋಡ್ತಿದ್ರಲ್ಲ, ಮಾತಾಡಿಸಬಾರ್ದು ಅಂತ ಸುಮ್ನಿದ್ದೆ."

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಯಿತು. ಡಾಂಗಲ್ಲು ಹಿಡಿದು ದೇವರ ಮನೆ ಹೊಸ್ತಿಲು ದಾಟಬೇಕು, ಗೌಡಮ್ಮನವರು ಕೈ ಅಡ್ಡ ಹಿಡಿದರು. "ಸ್ನಾನ ಮಾಡ್ದೆ ಒಳಕ್ಕೆ ಬುಡಕಿಲ್ಲ ಕಣಪ್ಪ. ಬಸ್ಸಲ್ಲಿ ಬಂದಿದ್ದೀಯ, ಬ್ಯಾರನ್ ತಿರ್ಗಿದ್ದೀಯ." ಬೆಳಿಗ್ಗೆ ಮಾಡಿದ್ದೇನೆ ಎಂದರೂ ನಡೆಯಲಿಲ್ಲ. ಹಂಡೆಯಲ್ಲಿ ಬಿಸಿನೀರು ಸಿದ್ಧವಾಗಿತ್ತು. ಗೌಡರ ಪಂಚೆಯೊಂದನ್ನು ಕೊಟ್ಟರು. ಸ್ನಾನ ಮಾಡಿ, ಒದ್ದೆ ತಲೆಯಲ್ಲಿ ಪಂಚೆ ಉಟ್ಟು, ಹಣೆಗೆ ಕುಂಕುಮ ಇಡಿಸಿಕೊಂಡು ಡಾಂಗಲ್ಲು ಕಟ್ಟಲು ಕೂತೆ.

ಲ್ಯಾಪ್‌ಟಾಪು ಹಜಾರದ ಬೆಂಚಿನ ಮೇಲೆ, ಡಾಂಗಲ್ಲು ದೇವರ ಮನೆಯ ಕಿಟಕಿಯಲ್ಲಿ, ನಡುವೆ ಉದ್ದದ ಒಂದು ವೈರು. ಕಿಟಕಿಯ ಕೆಳಗೆ ಗೂಡಿನಲ್ಲಿ ಅಮ್ಮನವರ ಫೋಟೋ ಗೋಡೆಗೆ ಒರಗಿತ್ತು. ವೈರನ್ನು ಅದರ ಎಡಗಡೆಯಿಂದ ಇಳಿಸಲು ಹೋದೆ.

"ಎಡಗಡೆ ಬೇಡ," ಎಂದು ಮಗಳು ಹೊಸ್ತಿಲಾಚೆಯಿಂದ ಹೇಳಿದಳು. "ಫೋಟೋದ ಬಲಗಡೆ ಹಿಂದ್ಗಡೆಯಿಂದ ತನ್ನಿ."

ಅದೂ ಒಂದು ಶಾಸ್ತ್ರವಿರಬೇಕು ಎಂದುಕೊಂಡು ಬಲಗಡೆಯ ಚೌಕಟ್ಟಿನ ಹಿಂದಿನಿಂದ ವೈರು ತಂದು, ಹೊಸ್ತಿಲ ಪಕ್ಕದಲ್ಲಿ ಹಾಯಿಸಿ ಹಜಾರಕ್ಕೆ ಎಳೆದೆ. ಎರಡು ಕಡ್ಡಿ ಬಂತು. ಇಂಟರ್ನೆಟ್ಟು ಬಂತು. ಊರವರೂ ಬಂದರು. ಪಂಚೆ ಉಟ್ಟು, ಕುಂಕುಮ ಇಟ್ಟುಕೊಂಡು ಹಜಾರದಲ್ಲಿ ಕೂತಿದ್ದ ನನ್ನನ್ನು ನೋಡಿ ಒಬ್ಬ ಅಜ್ಜಿ ಗೌಡಮ್ಮನವರನ್ನು ತರಾಟೆಗೆ ತೆಗೆದುಕೊಂಡರು:

"ಅಲ್ಲ ಕಣವ್ವ, ಮದ್ವೆ ಮುಗ್ಸಿ ಅಳೀನೂ ಬಂದು ಕುಂತವ್ನೆ. ಊಟಕ್ಕೆ ಒಂದ್ ಮಾತು ಕರೀಬಾರ್ದಾಗಿತ್ತಾ?"

ಜ್ವರ

ಒಂದು ವಾರ ಕಳೆದಿರಲಿಲ್ಲ, ಗೌಡರ ಫೋನು. "ಬೇಗ ಬಾರಪ್ಪ, ಸ್ಥಿತಿ ಚೆನ್ನಾಗಿಲ್ಲ."

ಹೆದರಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಡಾಂಗಲ್ಲಿನ ಮೇಲೆ ನಾಲ್ಕು ಮಡಿಕೆ ಮಾಡಿದ ಒದ್ದೆ ಬಟ್ಟೆ. ಅಕ್ಕಪಕ್ಕ ವಿಭೂತಿ. ಬೇರೆಯವರ ಕಣ್ಣು ಬಿದ್ದಿರಬಹುದು ಎಂದು ಒಂದು ಕಪ್ಪು ಬೊಟ್ಟು ಕೂಡ.

"ಮಧ್ಯಾಹ್ನ ಧೂಳು ಒರ್ಸೋಕೆ ಹೋಗಿ ಮುಟ್ಟಿದ್ರೆ ಸುಡ್ತಾ ಇತ್ತು ಕಣಪ್ಪ," ಎಂದರು ಗೌಡಮ್ಮ. "ಮಗಳೂ ಊರಲ್ಲಿರ್ಲಿಲ್ಲ, ಪರೀಕ್ಷೆಗೆ ಫೀಸು ಕಟ್ಟಕೆ ಮೈಸೂರಿಗೆ ಹೋಗಿದ್ಲು. ಇವ್ರನ್ನ ಕರೆದು ತೋರ್ಸ್ದೆ."

ಚುಚ್ಚಿಯೇ ಇಟ್ಟರೆ ಅದು ಬಿಸಿಯಾಗುವುದು ಸಹಜ ಎಂದು ನಾನು ಮೆತ್ತಗೆ ಹೇಳಿದೆ. ಗೌಡರಿಗೆ ಅದು ಹಿಡಿಸಲಿಲ್ಲ.

"ಬ್ಯಾರನ್ ಬೇಯ್ಸೋನಿಗೆ ಶಾಖದ ಪಾಠ ಯೋಳ್ಬೇಡ," ಎಂದರು. "ಮುಟ್ಟಿದ್ರೆ ಸಾಕು, ಎಷ್ಟು ಡಿಗ್ರಿ ಅಂತ ಯೋಳ್ತೀನಿ. ಮಿತಿ ಮೀರಿತ್ತು. ನಾನೇ ನಿಂತು ಇಳಿಸ್ದೆ."

ಬಟ್ಟೆ ತೆಗೆದು ಡಾಂಗಲ್ಲನ್ನು ಅಲ್ಲಾಡಿಸಿದೆ. ಒಳಗಿಂದ ಎರಡು ಹನಿ ನೀರು ಅಂಗೈಗೆ ಬಿತ್ತು. ನೀಲಿ ದೀಪದ ಸುಳಿವೇ ಇಲ್ಲ. ಗೌಡಮ್ಮ ಸೆರಗಿನ ತುದಿಯಿಂದ ಅದನ್ನು ಒರೆಸುತ್ತಾ ಬೇಸರದಲ್ಲಿ ಹೇಳಿದರು:

"ಜ್ವರವೇನೋ ಇಳೀತು ಕಣಪ್ಪ. ಕಣ್ಣೇ ಬುಡ್ತಿಲ್ಲ."

ಅಮ್ಮನವರ ಹೂವು

ಅಂಗಡಿಯಲ್ಲಿದ್ದ ಇನ್ನೊಂದು ಡಾಂಗಲ್ಲು ತಂದು ಅದೇ ಕಿಟಕಿಯಲ್ಲಿ ಕಟ್ಟಿಕೊಟ್ಟೆ. ಗೌಡರು ಈ ಸಲ ಟವಲ್ಲು ಹಾಸಲಿಲ್ಲ. ಸುಮ್ಮನೆ ನೋಡುತ್ತಾ ನಿಂತಿದ್ದವರು, "ಶುಕ್ರವಾರ ನಿಮ್ಮವ್ವನ್ನ ಕರ್ಕಂಡು ಬಾ. ಹೂ ಕೇಳಣ," ಎಂದರು.

ಶುಕ್ರವಾರ ಅವ್ವ, ಮಾವ, ನಾನು ಹೋದೆವು. ಅವ್ವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗಿನ ತುದಿ ಹೊಸೆಯುತ್ತಿದ್ದಳು. ಇದೂ ತಪ್ಪಿದರೆ ಇನ್ನೆಲ್ಲಿಗೆ ಎನ್ನುವುದು ಅವಳ ಮುಖದ ಮೇಲೇ ಇತ್ತು. ಇದು ತಪ್ಪಿದರೆ ಇನ್ನೆಲ್ಲಿಗೂ ಬೇಡ ಎಂದು ನಾನು ಆಗಲೇ ತೀರ್ಮಾನ ಮಾಡಿದ್ದೆ.

ಗೌಡರು ಸ್ನಾನ ಮಾಡಿ ದೇವರ ಮನೆ ಹೊಕ್ಕು, ಎರಡು ಸೇವಂತಿಗೆ ಹೂವನ್ನು ನೀರಿಗೆ ಅದ್ದಿ ಫೋಟೋದ ಎಡಕ್ಕೊಂದು ಬಲಕ್ಕೊಂದು ಅಂಟಿಸಿದರು. ಕೈಮುಗಿದು ಕಣ್ಣು ಮುಚ್ಚಿದರು. ಗೌಡಮ್ಮ ಊದಿನಕಡ್ಡಿ ಹಚ್ಚಿ ಪಕ್ಕದಲ್ಲಿ ನಿಂತರು. ನಾವು ಹಜಾರದ ಬೆಂಚಿನ ಮೇಲೆ ಲ್ಯಾಪ್‌ಟಾಪಿನ ಪಕ್ಕದಲ್ಲಿ ಕೂತು ತೆರೆದ ಬಾಗಿಲಿನಿಂದ ನೋಡುತ್ತಿದ್ದೆವು.

ಅಮ್ಮನವರು ಸುಮ್ಮನಿದ್ದರು. ಊದಿನಕಡ್ಡಿ ಅರ್ಧ ಉರಿಯಿತು. ಎರಡು ಹೂವೂ ಮೇಣ ಹಚ್ಚಿದಂತೆ ಕಚ್ಚಿಕೊಂಡಿದ್ದವು.

"ಕೊಡೋದಾದ್ರೆ ಕೊಡವ್ವ. ಇಲ್ಲ ಅನ್ನೋದಾದ್ರೆ ಇಲ್ಲ ಅಂದ್ಬುಡು. ಅವ್ರಿಗೆ ಬಸ್ಸಿಗೆ ಹೊತ್ತಾಯ್ತದೆ," ಎಂದರು ಗೌಡರು.

ಆಗ ಎಡಗಡೆಯ ಹೂವು ಒಂದೆಳೆಯಷ್ಟು ಕೆಳಕ್ಕೆ ಜಾರಿತು. ನಾನು ನೋಡಿದೆ. ಅವ್ವನೂ ನೋಡಿದಳು, ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡಳು. ಮಾವ ಚಪ್ಪಲಿ ಎಲ್ಲಿ ಬಿಟ್ಟಿದ್ದೇವೆ ಎಂದು ಬಾಗಿಲ ಕಡೆ ನೋಡಿದ.

ಅಡುಗೆ ಮನೆಯಿಂದ ಮಗಳು ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ದೇವರ ಮನೆ ಬಾಗಿಲ ಹತ್ತಿರ ಒಂದು ಗಳಿಗೆ ನಿಂತು ಒಳಗೆ ಇಣುಕಿದಳು. ಫೋಟೋದ ಬಲ ಅಂಚು ಗಕ್ಕನೆ ಅಲುಗಿತು. ಬಲಗಡೆಯ ಸೇವಂತಿಗೆ ಹಾರಿ ಬಂದು ಗೌಡರ ಕಾಲ ಮೇಲೆ ಬಿತ್ತು.

"ಕೊಟ್ಲು ಕಣ್ರೋ! ಬಲಗಡೆ! ನನ್ನವ್ವ, ಎಸೆದಂಗೆ ಕೊಟ್ಲು!" ಗೌಡರ ಕೂಗಿಗೆ ಕೊಟ್ಟಿಗೆಯ ದನ ಎದ್ದು ನಿಂತವು. ಅವರು ಈ ಪಾಟಿ ಹೂ ಬೀಳುವುದನ್ನು ಜೀವಮಾನದಲ್ಲಿ ಕಂಡಿರಲಿಲ್ಲವಂತೆ. ಗೌಡಮ್ಮ ಸಕ್ಕರೆ ಹಂಚಿದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆ ಸಂಭ್ರಮದ ನಡುವೆ ಗೌಡರ ಕಣ್ಣು ಲ್ಯಾಪ್‌ಟಾಪಿನ ಕಡೆ ಹೋಯಿತು. ಅದುವರೆಗೆ ನೀನು ಎನ್ನುತ್ತಿದ್ದವರು ಮೊದಲ ಸಲ ಬಹುವಚನ ಹಚ್ಚಿದರು: "ಅಳಿಯಂದ್ರೆ, ಇಂಟರ್ನೆಟ್ ಯಾಕೋ ಓಗ್ಬುಟ್ಟದೆ. ಒಸಿ ನೋಡಿ."

ನೋಡಬೇಕಾದದ್ದೇನೂ ಇರಲಿಲ್ಲ. ವೈರು ಹೊಸ್ತಿಲ ಪಕ್ಕದಲ್ಲಿ ವೀಣೆಯ ತಂತಿಯಂತೆ ಬಿಗಿದು ನಿಂತಿತ್ತು. ಅದರ ಮೇಲೆ ಕಾಲುಗೆಜ್ಜೆ ಹಾಕಿದ ಒಂದು ಪಾದ, ಹೆಬ್ಬೆರಳಿನ ಸಂದಿಗೆ ವೈರನ್ನು ಸಿಕ್ಕಿಸಿಕೊಂಡು ಏನೂ ಅರಿಯದ ಹಾಗೆ ಇತ್ತು. ಆಕೆ ಬಗ್ಗಿ ನನ್ನ ಮುಂದೆ ತಟ್ಟೆ ಇಟ್ಟಾಗ ಯಾರಿಗೂ ಕೇಳಿಸದಂತೆ ಕೇಳಿದೆ:

"ವೈರು ನೋಡ್ದೆ ತುಳಿದ್ರಾ?"

ಆಕೆ ತಲೆ ಎತ್ತಲಿಲ್ಲ. ಉಪ್ಪಿಟ್ಟಿನ ಪಕ್ಕಕ್ಕೆ ಒಂದು ಚಮಚ ಇಟ್ಟು, ಅಷ್ಟೇ ಮೆತ್ತಗೆ ಹೇಳಿದಳು:

"ಆವತ್ತು ಬಲಗಡೆಯಿಂದ್ಲೇ ತನ್ನಿ ಅಂದಿದ್ದು ಮತ್ಯಾಕೆ ಅಂದ್ಕೊಂಡ್ರಿ?"