ಬುದ್ಧಿಯಂತ್ರ ಓದಿದ ವಹಿ

ಬಹಳ ಹಿಂದೆ, ಮಂತ್ರಿಗಳು ತಮ್ಮ ಭಾಷಣವನ್ನು ತಾವೇ ಬರೆದುಕೊಳ್ಳುತ್ತಿದ್ದರೆಂದು ಹಿರಿಯರು ಆಣೆಯಿಟ್ಟು ಹೇಳುವಷ್ಟು ಹಿಂದೆ, ಉಜ್ವಲಪುರಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಶ್ರೀಮನ್ಮಹಾರಾಜ ಪ್ರಭಾವರ್ಮರಿಗೆ ಕತ್ತಲೆ ಎಂಬ ಶಬ್ದವೇ ಆಗಿಬರುತ್ತಿರಲಿಲ್ಲ. ಕರೆಂಟು ಹೋಯಿತೆಂಬ ಮಾತನ್ನು ಯಾರೂ ಬರೆದಿಡಕೂಡದೆಂದು ಅವರ ಅಜ್ಜನ ಕಾಲದಿಂದಲೂ ಕಟ್ಟಪ್ಪಣೆಯಿತ್ತು. ಕರೆಂಟು ಹೋಗಕೂಡದೆಂಬ ಅಪ್ಪಣೆ ಮಾತ್ರ ಇರಲಿಲ್ಲ.

ರಾಜಧಾನಿಯ ವಿದ್ಯುತ್ ಕೇಂದ್ರದಲ್ಲಿ ವಹಿ ಬರೆಯುತ್ತಿದ್ದವನು ಈರಭದ್ರ. ಒಂದು ಕಡೆ ಊರಿಗೆ ಹರಿದ ಕರೆಂಟಿನ ಅಳತೆ, ಪಕ್ಕದಲ್ಲಿ ಷರಾ. ಕರೆಂಟು ಇದ್ದಾಗ ಷರಾ ಖಾಲಿ. ಹೋದಾಗ ಅಳತೆಯ ಜಾಗದಲ್ಲಿ ಸೊನ್ನೆ ಬರೆದು, ಷರಾದಲ್ಲಿ ‘ಸರ್ವಂ ಶುಭಂ’ ಎಂದು ಕಾಣಿಸಬೇಕು. ದಿನವಿಡೀ ಹೋಗಿದ್ದರೆ ‘ಮಹಾಶುಭಂ’. ಮೂವತ್ತು ವರ್ಷ ಅವನು ಇದನ್ನೇ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದ. ಕರೆಂಟು ನಿಜವಾಗಿ ಏಕೆ ಹೋಯಿತೆಂಬುದು ಮನೆಯ ನೋಟುಬುಕ್ಕಿನಲ್ಲಿತ್ತು: ಹುಣಸೆಕೊಂಬೆ ತಂತಿಯ ಮೇಲೆ ಬಿದ್ದದ್ದು, ಶನಿವಾರ ಸಂಜೆ ಇಡೀ ಊರು ಒಟ್ಟಿಗೆ ಇಡ್ಲಿಹಿಟ್ಟು ರುಬ್ಬಲು ಕೂತದ್ದು. ಹಗಲೆಲ್ಲ ಸುಳ್ಳು ಬರೆದ ಕೈಗೆ ಎಲ್ಲಾದರೂ ಒಂದು ಕಡೆ ನಿಜ ಬರೆಯದಿದ್ದರೆ ಅನ್ನ ಸೇರುತ್ತಿರಲಿಲ್ಲ.

ಹೀಗಿರಲು, ನೆರೆರಾಜ್ಯದವರು ತಾನೇ ಯೋಚಿಸುವ ಬುದ್ಧಿಯಂತ್ರಕ್ಕೆ ವಿದ್ಯುತ್ತಿನ ಉಸ್ತುವಾರಿ ಒಪ್ಪಿಸಿದ್ದಾರೆಂಬ ಸುದ್ದಿ ಬಂತು. ನಮಗೂ ಬೇಕೆಂದರು ಮಹಾರಾಜರು. ಶಕ್ತಿಮಂತ್ರಿ ಸ್ತುತಿಸಾಗರರು ಕಲ್ಲಿದ್ದಲು, ಅಣೆಕಟ್ಟು, ಗಾಳಿಗಿರಣಿ ಮತ್ತು ತಂತಿಗಳ ನಾಲ್ವರು ಶ್ರೇಷ್ಠಿಗಳನ್ನು ಕರೆಸಿ ಉದ್ಯಮ ಸಹಯೋಗ ಸಮ್ಮೇಳನ ನಡೆಸಿದರು.

“ಮಹಾಪ್ರಭು, ಇದು ಬರಿಯ ಯೋಜನೆಯಲ್ಲ, ಇಕೋಸಿಸ್ಟಮ್!” ಎಂದರು ಮಂತ್ರಿಗಳು.

“ಭಲೇ! ಅದಕ್ಕೆ ಎಷ್ಟು ಎಕರೆ ಬೇಕು?” ಎಂದರು ಮಹಾರಾಜರು.

ಒಡಂಬಡಿಕೆಗೆ ಸಹಿ ಬಿತ್ತು, ಫೋಟೊ ಆಯಿತು. ಯಂತ್ರಕ್ಕೆ ಕಲಿಸಲು ಮಾಹಿತಿ ಕೊಡಿ ಎಂದಾಗ ಕಲ್ಲಿದ್ದಲಿನವರು “ಮೊದಲು ತಾವು” ಎಂದು ಅಣೆಕಟ್ಟಿನವರತ್ತ ತಿರುಗಿದರು. ಅಣೆಕಟ್ಟಿನವರು ಗಾಳಿಯವರನ್ನು ನೋಡಿದರು. ಊಟದ ಗಂಟೆ ಬಾರಿಸುವವರೆಗೂ ಈ ಸಹಯೋಗ ಮುಂದುವರಿಯಿತು. ವ್ಯಾಪಾರದ ಗುಟ್ಟು ಬಿಟ್ಟುಕೊಡಲು ಯಾರಿಗೂ ಮನಸ್ಸಿಲ್ಲ. ಕೊನೆಗೆ ನಾಲ್ವರೂ ಒಪ್ಪಿದ್ದು ಒಂದೇ ಮಾತಿಗೆ: ಸರ್ಕಾರಿ ವಹಿ ಇದೆಯಲ್ಲ, ಅದನ್ನೇ ಓದಿಸಿ.

ಸುದ್ದಿ ಕೇಳಿ ಈರಭದ್ರ ಮನೆಗೆ ಓಡಿದ. ಅವನ ಹೆಂಡತಿ ಪುಟ್ಟತಾಯಮ್ಮನದು ಬೀದಿಗೊಂದೇ ಹಿಟ್ಟಿನ ಗಿರಣಿ.

“ನಿಮ್ಮ ಸುಳ್ಳನ್ನೇ ಅದು ಉರು ಹೊಡೆದ್ರೆ ನನ್ನ ಗಿರಣಿ ಗತಿ ಏನ್ರೀ? ಸುಮ್ನೆ ಹೋಗಿ ಆ ನೋಟುಬುಕ್ಕು ಕೊಟ್ಟು ಬನ್ನಿ” ಎಂದಳು.

“ಕೊಟ್ರೆ ಇಷ್ಟು ವರ್ಷ ಸುಳ್ಳು ಬರೆದೋನು ನಾನೇ ಅಂತಾಗುತ್ತಲ್ಲೇ. ಪಿಂಚಣಿಗೆ ಎರಡೇ ತಿಂಗಳಿದೆ.”

“ಬರೆದಿರೋದು ನೀವೇ ತಾನೆ? ಬೀದಿಯೋರೆಲ್ಲ ರಾಗಿನ ಹಂಗೇ ಮುಕ್ಕಬೇಕಾ?”

ಮರುದಿನ ಈರಭದ್ರ ನೋಟುಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಮಂತ್ರಿಗಳೆದುರು ನಿಂತ. ಅವರು ಪುಟ ತಿರುವಿ, ಸಿಟ್ಟಾಗದೆ, ಸಕ್ಕರೆಯಂಥ ದನಿಯಲ್ಲೇ ಕೇಳಿದರು: “ವಹಿ ಯಾರ ಕೈಬರಹ?”

“ನಂದೇ, ಬುದ್ಧಿ.”

“ಈ ಪುಸ್ತಕ?”

“ಅದೂ ನಂದೇ.”

“ಒಂದಕ್ಕೆ ರಾಜಮುದ್ರೆಯಿದೆ, ಒಂದಕ್ಕೆ ಸಾರಿನ ಕಲೆಯಿದೆ. ಯಾವುದು ಸತ್ಯವೆಂದು ನೀವೇ ಅಪ್ಪಣೆ ಕೊಡಿಸಿ, ಈರಭದ್ರನವರೇ.”

‘ಅವರೇ’ ಎಂದು ಗೌರವ ಸೇರಿಸಿ ಮಂತ್ರಿಯೊಬ್ಬ ಅವನನ್ನು ಕರೆದದ್ದು ಅದೇ ಮೊದಲು. ಕಣ್ಣ ಮುಂದೆ ಪಿಂಚಣಿ ಸುಳಿಯಿತು. “ಮುದ್ರೆ ಇರೋದೇ, ಬುದ್ಧಿ” ಎಂದುಬಿಟ್ಟ. ಆಡಿದ ಕ್ಷಣವೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೆ ಮಾತು ಆಡಿದರೆ ಹೋಯಿತು.

ಉದ್ಘಾಟನೆಯ ದಿನ ಬೆಳಗಾಗುತ್ತಲೇ ಯಂತ್ರ ಮೂವತ್ತು ವರ್ಷದ ವಹಿಯನ್ನು ಅರೆಗಳಿಗೆಯಲ್ಲಿ ಓದಿ ಮುಗಿಸಿತು. ಅದು ಕಂಡುಕೊಂಡದ್ದಿಷ್ಟು: ಊರಿಗೆ ಕರೆಂಟು ಹರಿದಾಗ ಶುಭದ ಸುಳಿವಿಲ್ಲ, ಸೊನ್ನೆಯಾದಾಗ ಸರ್ವಂ ಶುಭಂ, ದಿನವಿಡೀ ಸೊನ್ನೆಯಾದರೆ ಮಹಾಶುಭಂ. ಪ್ರಜೆಗಳ ಶುಭವನ್ನೇ ಬಯಸಬೇಕೆಂದು ಅದಕ್ಕೆ ತಾಕೀತಾಗಿತ್ತು. ಅದು ಊರಿನ ಕರೆಂಟನ್ನೆಲ್ಲ ಆರಿಸಿಬಿಟ್ಟಿತು.

ಆಸ್ಥಾನ ದಂಗಾಯಿತು. ಸ್ತುತಿಸಾಗರರು ಮಾತ್ರ ತೊದಲಲಿಲ್ಲ. “ಪ್ರಭು, ತಂತಿಯ ಸೋರಿಕೆ ಸೊನ್ನೆ, ಕಳ್ಳತನ ಸೊನ್ನೆ! ಫೋನುಗಳೇ ಸತ್ತಿರುವುದರಿಂದ ದೂರುಗಳೂ ಸೊನ್ನೆ!” ಶ್ರೇಷ್ಠಿಗಳಿಗೂ ನಷ್ಟವಾಗಲಿಲ್ಲ. ಸೊನ್ನೆಯನ್ನು ಕ್ಷಣಕ್ಷಣಕ್ಕೂ ಹೊಸದಾಗಿ ಎಣಿಸಲು ಯಂತ್ರಕ್ಕೆ ರಾಜ್ಯದ ಅಷ್ಟೂ ಕರೆಂಟು ಬೇಕಾಗಿತ್ತು. ಮಹಾರಾಜರು ಆನಂದಬಾಷ್ಪ ಸುರಿಸುತ್ತ ಯಂತ್ರದ ತಲೆಗೆ ಕಿರೀಟವಿಟ್ಟು ‘ಶಕ್ತಿಚಕ್ರವರ್ತಿ’ ಎಂದು ಬಿರುದಿತ್ತರು. ಅದಕ್ಕೆ ಪಾಠ ಕಲಿಸಿದ ‘ಯಂತ್ರಗುರು’ ಈರಭದ್ರನಿಗೆ ಜರಿಶಾಲು ಹೊದಿಸಿದರು.

ಅವನು ಮನೆಗೆ ಬರುವ ದಾರಿಯಲ್ಲಿ ಜನ ಮೂರನೆಯ ಮಹಡಿಗೆ ಕೊಡದಲ್ಲಿ ನೀರು ಹೊರುತ್ತಿದ್ದರು. ಗಿರಣಿಯ ಮುಂದೆ ರಾಗಿಯ ಡಬ್ಬಿಗಳ ಸಾಲು ಬೀದಿಯ ತಿರುವಿನವರೆಗೆ ಹೋಗಿತ್ತು. ಪುಟ್ಟತಾಯಮ್ಮ ಅತ್ತೆಯ ಕಾಲದ ಬೀಸುವ ಕಲ್ಲನ್ನು ಹೊರಗೆಳೆದು ಕೂತಿದ್ದಳು. ಶಾಲನ್ನು ನೋಡಿದಳು, ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಬನ್ನಿ ಗುರುಗಳೇ, ಗೂಟ ಹಿಡ್ಕೊಳ್ಳಿ.”

ಇಬ್ಬರೂ ಬೀಸಿದರು. ನಾಲ್ಕನೆಯ ಡಬ್ಬಿ ಮುಗಿಯುವ ಹೊತ್ತಿಗೆ ಅವನ ಅಂಗೈ ಬೊಬ್ಬೆಯೆದ್ದಿತ್ತು. ಆಗ ಕೇಂದ್ರದ ಜವಾನ ವಹಿ ಹಿಡಿದು ಬಂದ. “ಯಜಮಾನ್ರೇ, ಇವತ್ತಿನ ಷರಾ ಬಾಕಿ ಉಳಿದುಬಿಟ್ಟಿದೆ. ನಾಳೆ ಬೆಳಿಗ್ಗೆ ಶಕ್ತಿಚಕ್ರವರ್ತಿಗಳು ಓದ್ತಾರಂತೆ.”

ಸಾಲಿನಲ್ಲಿದ್ದ ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ಈರಭದ್ರ ಕೈಯ ಹಿಟ್ಟನ್ನು ಜರಿಶಾಲಿಗೆ ಒರೆಸಿ, ಲೇಖನಿ ತೆಗೆದುಕೊಂಡು, ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದ: ‘ಮಹಾಶುಭಂ’.